ನಾನೂ ಪೊಲೀಸೇ

ಪೊಲೀಸರನ್ನು ಕಂಡರೆ ಯಾರಾದರೂ ಸ್ವಲ್ಪ ಪಕ್ಕಕ್ಕೆ ಸರಿಯುತ್ತಾರೆ. ನಮ್ಮಪ್ಪ ಮಾತ್ರ ಹತ್ತಿರ ಹೋಗುತ್ತಾರೆ. ಸಿಡ್ನಿಗೆ ಬಂದ ಮೊದಲ ವಾರವೇ, ರೌಸ್ ಹಿಲ್‌ನ ಶಾಪಿಂಗ್ ಸೆಂಟರಿನಲ್ಲಿ ನಾನು ಟೊಮ್ಯಾಟೊ ಆರಿಸಿ ತಿರುಗುವಷ್ಟರಲ್ಲಿ ಮಾಯವಾಗಿದ್ದರು. ಗಾಬರಿಯಿಂದ ಹುಡುಕಿದರೆ, ಕಾಫಿ ಅಂಗಡಿಯ ಮುಂದೆ ಇಬ್ಬರು ಪೊಲೀಸರೆದುರು ಎದೆ ಸೆಟೆಸಿ ನಿಂತು ಸೆಲ್ಯೂಟ್ ಹೊಡೆಯುತ್ತಿದ್ದಾರೆ!

“ಸರ್, ಐ ಆಮ್ ಆಲ್ಸೋ ಪೊಲೀಸ್. ಸಿದ್ದಲಿಂಗಪ್ಪ, ಹೆಡ್ ಕಾನ್‌ಸ್ಟೇಬಲ್, ಕರ್ನಾಟಕ. ನೌ ರಿಟೈರ್ಡ್.”

ಆ ಹುಡುಗರು ನಕ್ಕು, ಕೈಕುಲುಕಿ, ಅಪ್ಪನ ಜೊತೆ ಸೆಲ್ಫಿ ತೆಗೆಸಿಕೊಂಡರು. ಅಂದಿನಿಂದ ಆ ಫೋಟೊವೇ ಅಪ್ಪನ ಫೋನಿನ ವಾಲ್‌ಪೇಪರ್. ಅದಕ್ಕೂ ಮುಂಚೆ ಅಲ್ಲಿ ಅಮ್ಮ ಇದ್ದಳು. ತೀರಿಹೋದ ಹೆಂಡತಿಯನ್ನು ತೆಗೆದು ಗುರುತು ಪರಿಚಯವಿಲ್ಲದ ಇಬ್ಬರು ಪೊಲೀಸರನ್ನು ಹಾಕಿಕೊಂಡ ಗಂಡಸು ಭೂಮಿಯ ಮೇಲೆ ನಮ್ಮಪ್ಪ ಒಬ್ಬರೇ ಇರಬೇಕು. ಕೇಳಿದರೆ, “ನಿಮ್ಮಮ್ಮ ಪರ್ಸಲ್ಲಿ ಇದಾಳಲ್ಲ,” ಅಂದರು.

ಅಪ್ಪನ ಲೆಕ್ಕದಲ್ಲಿ ಜಗತ್ತಿನ ಪೊಲೀಸರೆಲ್ಲ ಒಂದೇ ಮನೆತನದವರು. ದೇಶ ಬೇರೆಯಾದರೆ ಟೋಪಿ ಬೇರೆ, ಅಷ್ಟೆ. ಹಾಗಂತ ಅವರೇನು ದೇವರಲ್ಲ. ಡ್ಯೂಟಿಯಲ್ಲಿದ್ದಷ್ಟು ಕಾಲ ದುಡ್ಡು ಕೊಟ್ಟು ಬೀಡಾ ಹಾಕಿಕೊಂಡದ್ದನ್ನು ನಾನು ಕಂಡಿಲ್ಲ. ಆದರೆ ಲಾಠಿ ಎತ್ತುವುದರಲ್ಲಿ ಬಹಳ ಸೋಮಾರಿ. ಎಲ್ಲಾದರೂ ಹೊಡೆದಾಟ ಅಂತ ಹೋದರೆ ಮೊದಲು ಟೋಪಿ ತೆಗೆದು ಯಾರದಾದರೂ ಜಗಲಿಯ ಮೇಲೆ ಕೂತುಬಿಡುತ್ತಿದ್ದರು. ಮಚ್ಚು ಹಿಡಿದವನನ್ನೇ ಕರೆದು, “ಏನಯ್ಯಾ, ಒಂದು ಚೆಂಬು ನೀರು ಕೊಡು, ನಡೆದು ನಡೆದು ಸಾಕಾಗಿದೆ,” ಅನ್ನುತ್ತಿದ್ದರು. ಮಚ್ಚು ಕೆಳಗಿಟ್ಟರೆ ತಾನೇ ಅವನು ನೀರು ತರುವುದು?

“ನೀರು ಕುಡಿಯೋ ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರ್ತದೆ ಕಣವ್ವಾ. ಅವನದೂ ಇಳಿದಿರ್ತದೆ, ನಂದೂ ಇಳಿದಿರ್ತದೆ,” ಎಂದು ನನಗೆ ಹೇಳುತ್ತಿದ್ದರು.

ನನ್ನ ತಮ್ಮ ಜೀವನ್ ಅಮೆರಿಕದಲ್ಲಿ ಫಿಸಿಯೊಥೆರಪಿಸ್ಟ್. ವಯಸ್ಸಾದವರಿರುವ ಹೋಮ್‌ಗಳನ್ನು ಕಾರಿನಲ್ಲಿ ಸುತ್ತಿ ಅವರ ಮಂಡಿ, ಭುಜಗಳನ್ನು ಸರಿಮಾಡುವುದು ಅವನ ಕೆಲಸ. ಅವನಿಗೂ ಅಪ್ಪನಿಗೂ ಜಗಳ ಹತ್ತುತ್ತಿದ್ದದ್ದು ಈ ಪೊಲೀಸರ ವಿಷಯಕ್ಕೇ. ಪೊಲೀಸರು ಕೈ ಅಡ್ಡ ಹಾಕಿದರೆ ಗಾಡಿಯಿಂದ ಇಳಿದು, ಪೇಪರ್ಸ್ ಹಿಡಿದುಕೊಂಡು ಅವರಿದ್ದಲ್ಲಿಗೆ ಹೋಗಿ, ನಮಸ್ಕಾರ ಸರ್ ಅನ್ನಬೇಕು. ಇದು ಅಪ್ಪ ನಮ್ಮಿಬ್ಬರಿಗೂ ಸ್ಕೂಟಿ ಕಲಿಸುವಾಗಲೇ ಹೇಳಿಕೊಟ್ಟ ಪಾಠ. ಕೂತಲ್ಲೇ ಕೂತು ಮಾತಾಡುವವನು ಅವರ ಕಣ್ಣಿಗೆ ಕೊಬ್ಬಿದವನು.

“ಅಪ್ಪ, ಇಲ್ಲಿ ಹಾಗೆ ಇಳಿದು ಹೋದ್ರೆ ಶೂಟ್ ಮಾಡಿದ್ರೂ ಮಾಡ್ಬೋದು,” ಪ್ರತಿ ಭಾನುವಾರದ ವಿಡಿಯೊ ಕಾಲ್‌ನಲ್ಲಿ ಅನ್ನುತ್ತಿದ್ದ ಜೀವನ್. “ಕೈ ಸ್ಟೇರಿಂಗ್ ಮೇಲಿಟ್ಟು ಗೊಂಬೆ ಥರ ಕೂತಿರ್ಬೇಕು. ನನ್ ಕೊಲೀಗ್ ಒಬ್ಬ ಇದಾನೆ, ಬ್ಲ್ಯಾಕ್. ಮಗನಿಗೆ ಸೈಕಲ್ ಕಲಿಸೋಕೆ ಮುಂಚೆ ಇದನ್ನ ಕಲಿಸಿದಾನಂತೆ.”

“ಟಿವಿ ನೋಡಿ ನೋಡಿ ಹೆದರ್ಕೊಂಡಿದೀಯ ನೀನು. ಮರ್ಯಾದೆ ಕೊಟ್ಟೋನಿಗೆ ಯಾವ ಪೊಲೀಸ್ನೋನು ಹೊಡೀತಾನೋ?”

“ಸರಿ ಬಿಡಿ ಅಪ್ಪ,” ಎಂದು ಅವನು ನನಗೆ ಮಾತ್ರ ಗೊತ್ತಾಗುವ ಹಾಗೆ ಕಣ್ಣು ಹೊಡೆಯುತ್ತಿದ್ದ. ಅಲ್ಲಿಗೆ ಆ ವಾರದ ಜಗಳ ಮುಗಿಯುತ್ತಿತ್ತು.

ಜನವರಿಯ ಒಂದು ಭಾನುವಾರ ಬೆಳಗ್ಗೆ, ಮಾರ್ಸ್ಡನ್ ಪಾರ್ಕಿನ ನಮ್ಮ ಮನೆಯಲ್ಲಿ ಎಂದಿನಂತೆ ವಿಡಿಯೊ ಕಾಲ್ ನಡೆದಿತ್ತು. ಅಲ್ಲಿ ಅವನಿಗೆ ಇನ್ನೂ ಶನಿವಾರ ಸಂಜೆ, ಚಳಿಗಾಲದ ಬೇಗನೆ ಇಳಿಯುವ ಕತ್ತಲು. ಕೆಲಸ ಮುಗಿಸಿ ಮನೆಗೆ ಹೊರಟಿದ್ದ. ಅವನ ಫೋನು ಕಾರಿನ ಸ್ಟ್ಯಾಂಡಿನಲ್ಲಿತ್ತು, ನಮ್ಮದು ಸಕ್ಕರೆ ಡಬ್ಬಿಗೆ ಒರಗಿತ್ತು. ನನ್ನ ಮಗಳು ಸಾನ್ವಿ ಅಪ್ಪನ ಪಕ್ಕದಲ್ಲಿ ಕೂತಿದ್ದಳು. ಅಪ್ಪ ದೋಸೆ ತಿನ್ನುತ್ತ, ಪೆಂಡಲ್ ಹಿಲ್‌ನ ಅಂಗಡಿಯಲ್ಲಿ ಹಲಸಿನ ಹಪ್ಪಳ ಸಿಕ್ಕಿದ್ದನ್ನು ನಿಧಿ ಸಿಕ್ಕವರಂತೆ ವರ್ಣಿಸುತ್ತಿದ್ದರು. ಆಗ ಜೀವನನ ಮುಖದ ಮೇಲೆ ಕೆಂಪು, ನೀಲಿ ಬೆಳಕು ಬಡಿಯಿತು.

“ಪೊಲೀಸ್. ನನ್ನನ್ನೇ ನಿಲ್ಲಿಸ್ತಿದಾರೆ. ನೀವೆಲ್ಲ ಸುಮ್ನಿರಿ, ಪ್ಲೀಸ್,” ಎಂದು ಅವನು ಕಾರನ್ನು ಪಕ್ಕಕ್ಕೆ ತಂದ.

“ಫೋನ್ ಕಟ್ ಮಾಡೋ,” ಅಂದೆ ನಾನು.

“ಆಗಲ್ಲ ಅಕ್ಕ. ಈಗ ಕೈ ಸ್ಟೇರಿಂಗ್ ಬಿಟ್ಟು ಎಲ್ಲಾದ್ರೂ ಹೋದ್ರೆ ಏನೋ ತೆಗೀತಿದಾನೆ ಅನ್ಕೋತಾರೆ.” ತುಟಿ ಆಡಿಸದೆ ಮಾತಾಡುತ್ತಿದ್ದ.

ನಮ್ಮ ಕಡೆಯಿಂದ ನಾನೇ ಕಟ್ ಮಾಡಬಹುದಿತ್ತು. ಆದರೆ ಆ ಬೆಳಕಿನಲ್ಲಿ ತಮ್ಮನನ್ನು ಒಬ್ಬನನ್ನೇ ಬಿಟ್ಟು ಕಟ್ ಮಾಡಲು ಬೆರಳು ಬರಲಿಲ್ಲ. ಅಪ್ಪನಿಗೆ ಕಂಡದ್ದೇ ಬೇರೆ. ಹಿಂದಿನ ಗಾಜಿನಾಚೆ ಒಬ್ಬ ಅಧಿಕಾರಿ ನಡೆದು ಬರುತ್ತಿದ್ದಾನೆ, ತಮ್ಮ ಮಗ ಕೂತೇ ಇದ್ದಾನೆ.

“ಸಾಹೇಬ್ರು ನಡ್ಕೊಂಡು ಬರ್ತಾವ್ರೆ, ನೀನು ಮಹಾರಾಜನಂಗೆ ಕೂತಿದೀಯಲ್ಲೋ! ಇಳಿಯೋ ಕೆಳಗೆ! ನಮಸ್ಕಾರ ಹೇಳೋ!”

ಜೀವನ್ ಇಳಿಯಲಿಲ್ಲ. ಗಾಜಿನ ಹತ್ತಿರ ಟಾರ್ಚು ಬಂತು. ಕಾರಿನಲ್ಲಿ ಇನ್ಯಾರಿದ್ದಾರೆ, ಯಾರದು ಆ ದನಿ ಎಂದು ಅಧಿಕಾರಿ ಕೇಳಿದ. ಕೇಳಿದ ಅನ್ನುವುದು ನನ್ನ ಸೌಜನ್ಯ, ಅವನು ಕಿರುಚಿದ್ದು. ನಮ್ಮ ತಂದೆ, ಫೋನಿನಲ್ಲಿದ್ದಾರೆ ಎಂದು ಜೀವನ್ ಮೆತ್ತಗೆ ಇಂಗ್ಲಿಷಿನಲ್ಲಿ ಹೇಳಿದ. ಅಪ್ಪನಿಗೆ ಅಷ್ಟೇ ಸಾಕಾಯಿತು. ತಟ್ಟೆ ಸರಿಸಿ ಎದ್ದು ನಿಂತರು. ಫೋನಿಗೇ ಸೆಲ್ಯೂಟ್ ಹೊಡೆದು, ಪೆರೇಡ್ ಮೈದಾನದ ದನಿಯಲ್ಲಿ ಕೂಗಿದರು.

“ಸರ್! ಐ ಆಮ್ ಆಲ್ಸೋ ಪೊಲೀಸ್, ಸರ್! ಮೈ ಸನ್ ಗುಡ್ ಬಾಯ್, ಸರ್!”

“ತಾತಾ, ಸ್ಟಾಪ್! ಹೀ ಕಾಂಟ್ ಸೀ ಯು!” ಎಂದು ಸಾನ್ವಿ ಅಳತೊಡಗಿದಳು.

ಅದನ್ನು ಆಫ್ ಮಾಡು ಎಂದು ಅಧಿಕಾರಿ ಅರಚಿದ. ಅಲುಗಾಡಬೇಡ ಎಂದು ಅವನ ಹಿಂದಿನಿಂದ ಇನ್ನೊಬ್ಬ ಅರಚಿದ. ಅಲುಗಾಡದೆ ಆಫ್ ಮಾಡುವ ವಿದ್ಯೆಯನ್ನು ಇಬ್ಬರೂ ಹೇಳಿಕೊಡಲಿಲ್ಲ. ಜೀವನ್ ಮೊದಲನೆಯವನ ಮಾತು ಕೇಳಿದ. ಅವನ ಕೈ ನಮ್ಮ ಕಡೆಗೆ ಬಂತು, ಬೆರಳುಗಳು ಪರದೆಯ ತುಂಬ ದೊಡ್ಡದಾದವು. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು, ಫೋನು ಕೆಳಗೆ ಬಿತ್ತು. ಆಮೇಲೆ ನಮಗೆ ಕಂಡದ್ದು ಕಾರಿನ ಮ್ಯಾಟು ಮತ್ತು ಅದರ ಮೇಲಿದ್ದ ಒಂದು ಚಾಕಲೇಟ್ ಕಾಗದ ಮಾತ್ರ.

ಕಾಣುವುದು ನಿಂತರೂ ಕೇಳುವುದು ನಿಲ್ಲಲಿಲ್ಲ. ಮೈ ನೆಲಕ್ಕೆ ಬಿದ್ದ ಸದ್ದು. ಕೈ ಹಿಂದಕ್ಕೆ, ಕೈ ಹಿಂದಕ್ಕೆ ಎನ್ನುವ ಕಿರುಚಾಟ. ನಾನು ಏನೂ ಮಾಡುತ್ತಿಲ್ಲ, ಸರ್, ಏನೂ ಮಾಡುತ್ತಿಲ್ಲ ಎನ್ನುವ ನನ್ನ ತಮ್ಮನ ದನಿ. ಆಮೇಲೆ ಅವನು “ಅಮ್ಮಾ” ಅಂದ. ಅಮ್ಮ ಸತ್ತು ಐದು ವರ್ಷವಾಗಿತ್ತು.

ನಾನು ನಮ್ಮ ಕಡೆಯ ಮೈಕನ್ನು ಮ್ಯೂಟ್ ಮಾಡಿದೆ. ಇಲ್ಲಿ ನಾವು ಆಡುವ ಒಂದೊಂದು ಮಾತಿಗೂ ಅಲ್ಲಿ ಅವನಿಗೆ ಒಂದೊಂದು ಏಟು ಬೀಳಬಹುದು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಅಪ್ಪನಿಗೆ ಅದು ಗೊತ್ತಾಗಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬಾಯಿಯ ಹತ್ತಿರ ಹಿಡಿದು ಬೇಡಿಕೊಳ್ಳುತ್ತಿದ್ದರು. ಇಂಗ್ಲಿಷ್ ಪೂರಾ ಮರೆತುಹೋಗಿತ್ತು.

“ಹೊಡೀಬೇಡಿ ಸರ್. ಕೈ ತಿರುಚಬೇಡಿ ಸರ್, ಅವನು ಅನ್ನ ತಿನ್ನೋದು ಆ ಕೈಯಿಂದ್ಲೇ ಸರ್. ಒಂದು ನಿಮಿಷ ಕೂತ್ಕೊಳಿ ಸರ್. ಒಂಚೂರು ನೀರು ಕುಡೀರಿ ಸರ್.”

ಯಾರಿಗೂ ಕೇಳಿಸುತ್ತಿಲ್ಲ ಎಂದು ನಾನು ಹೇಳಲಿಲ್ಲ. ಹೇಗೆ ಹೇಳಲಿ? ಅವರು ಹಾಗೆಯೇ ಬೇಡುತ್ತಲೇ ಇದ್ದರು, ನಾನು ಸಾನ್ವಿಯನ್ನು ಅವಚಿಕೊಂಡು ನಿಂತೇ ಇದ್ದೆ. ತಟ್ಟೆಯಲ್ಲಿದ್ದ ದೋಸೆ ಒಣಗಿ ಹೋಯಿತು.

ಬಹಳ ಹೊತ್ತಿನ ಮೇಲೆ ಅಲ್ಲಿ ಬಿದ್ದಿದ್ದ ಫೋನು ಮೇಲೆದ್ದಿತು, ಜೀವನನ ಮುಖ ಕಾಣಿಸಿತು. ನಾನು ಮ್ಯೂಟ್ ತೆಗೆದೆ. ಒಂದು ಕೆನ್ನೆ ಪೂರಾ ತರಚಿ ಕಲ್ಲುಪುಡಿ ಮೆತ್ತಿಕೊಂಡಿತ್ತು. ಬಲಗೈ ಹೆಬ್ಬೆರಳು ಬುಡದಲ್ಲಿ ಊದಿಕೊಂಡಿತ್ತು. ಬೇರೆಯವರ ಕೈ ಸರಿಮಾಡುವವನು ತನ್ನ ಕೈಯನ್ನು ತಾನೇ ಮಗುವಿನ ಹಾಗೆ ಹಿಡಿದುಕೊಂಡಿದ್ದ.

“ಬ್ರೇಕ್ ಲೈಟ್ ಒಂದು ಹೋಗಿತ್ತಂತೆ ಅಕ್ಕ. ರಿಪೇರಿ ಮಾಡ್ಸು ಅಂದ್ರು. ಕೇಸ್ ಗೀಸ್ ಏನಿಲ್ಲ. ಹೋಗು ಅಂದ್ರು.”

ಒಂದು ಬಲ್ಬು! ಒಂದು ಬಲ್ಬಿಗಾಗಿ ನನ್ನ ತಮ್ಮನನ್ನು ರಸ್ತೆಗೆ ಒತ್ತಿ ಹಿಡಿದರು. ಬಲ್ಬು ಹೋಗಿದೆ ಕಣಪ್ಪ, ಹಾಕಿಸಿಕೋ ಅಂದಿದ್ದರೆ ಅವನು ಥ್ಯಾಂಕ್ಸ್ ಹೇಳಿ ಮನೆಗೆ ಹೋಗಿ ಅನ್ನ ಸಾರು ಉಣ್ಣುತ್ತಿದ್ದ. ನನಗೆ ಬಂದ ಸಿಟ್ಟಿಗೆ ಎದುರಿಗೆ ಯಾರೂ ಇರಲಿಲ್ಲ. ಇದ್ದದ್ದು ಅಪ್ಪ ಮಾತ್ರ, ಅವರ ಮುಖ ನೋಡಿದ ಮೇಲೆ ಬೈಯಲು ನಾಲಗೆ ಏಳಲಿಲ್ಲ.

“ನನ್ನಿಂದ ಆಯ್ತೇನೋ ಮಗಾ?” ಅಪ್ಪ ಕೇಳಿದರು.

“ಇಲ್ಲ ಅಪ್ಪ. ನೀವು ಸುಮ್ನಿದ್ದಿದ್ರೂ ಅವರಿಗೆ ಇನ್ನೇನೋ ಸಿಗ್ತಿತ್ತು.”

“ಕಂಪ್ಲೇಂಟ್ ಕೊಡು. ಮೇಲಿನೋರಿಗೆ ಬರ್ದು ಕೊಡು, ಬಿಡಬೇಡ.”

“ಯಾರಿಗ್ ಕೊಡ್ಲಿ? ಅವರ ಮೇಲೆ ಅವರ ಸ್ಟೇಷನ್‌ಗೇ ಹೋಗಿ ಕೊಡ್ಬೇಕು. ಆ ಬಾಗಿಲಿಗೆ ಹೋಗೋ ಧೈರ್ಯ ನಂಗಿಲ್ಲ ಅಪ್ಪ.”

ಸರ್ವಿಸಿನ ಉದ್ದಕ್ಕೂ ಹೆದರಿದವರಿಗೆ ‘ಸ್ಟೇಷನ್‌ಗೆ ಬಾ, ನಾನಿದೀನಿ’ ಎಂದು ಹೇಳುತ್ತಿದ್ದವರು ಅಪ್ಪ.

ಜೀವನನ ಕೈಗೆ ಪಟ್ಟಿ ಬಿತ್ತು, ಕೆಲಸಕ್ಕೆ ರಜೆ ಬಿತ್ತು. ನಿಮ್ಮಿಂದಲ್ಲ ಎಂದು ಪ್ರತಿ ಕಾಲ್‌ನಲ್ಲೂ ಅವನು ಹೇಳಿದ, ನಾನೂ ಹೇಳಿದೆ. ಅಪ್ಪ ಹೂಂ ಅಂದರು, ನಂಬಲಿಲ್ಲ. ಒಂದು ದಿನ ನೋಡಿದರೆ ಅವರ ಫೋನಿನ ವಾಲ್‌ಪೇಪರಿಗೆ ಅಮ್ಮ ವಾಪಸ್ಸು ಬಂದಿದ್ದಳು. ವಾಕಿಂಗ್ ಹೋದಾಗ ಪೊಲೀಸ್ ಕಾರು ಬಂದರೆ ಯಾರದೋ ಬೇಲಿಯ ಹೂವು ನೋಡುವವರಂತೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು.

“ಅಪ್ಪ, ಇದು ಅಮೆರಿಕ ಅಲ್ಲ,” ಅಂದೆ ಒಮ್ಮೆ. ಹೇಳಿದ್ದೇನೋ ಹೇಳಿದೆ, ಆದರೆ ಇಲ್ಲಿಯವರೂ ಅಪ್ಪಟ ಚಿನ್ನವೇನಲ್ಲ. ಈ ನೆಲದ ಮೂಲನಿವಾಸಿಗಳನ್ನು ಕೇಳಿದರೆ ಅವರು ಬೇರೆಯೇ ಕಥೆ ಹೇಳುತ್ತಾರೆ. ಅಪ್ಪ ಅದನ್ನೇನೂ ಕೇಳಲಿಲ್ಲ.

“ನಾನು ಅಲ್ಲಿಯೋರನ್ನೂ ನಮ್ಮೋರೇ ಅಂದ್ಕೊಂಡಿದ್ದೆ ಕಣವ್ವಾ,” ಎಂದಷ್ಟೇ ಹೇಳಿದರು.

ಎರಡು ವಾರ ಕಳೆದಿರಬೇಕು. ಉರಿಬಿಸಿಲಿನ ಮಧ್ಯಾಹ್ನ, ಪೆಂಡಲ್ ಹಿಲ್‌ನಿಂದ ದಿನಸಿ ತಂದುಕೊಂಡು ಮನೆಗೆ ಬರುತ್ತಿದ್ದೆವು. ಅಪ್ಪ ನನ್ನ ಪಕ್ಕದ ಸೀಟಿನಲ್ಲಿದ್ದರು. ರಿಚ್ಮಂಡ್ ರೋಡಿನಲ್ಲಿ ಪೊಲೀಸರು ಎಲ್ಲ ಕಾರುಗಳನ್ನೂ ಪಕ್ಕಕ್ಕೆ ಕರೆದು ಕುಡಿದಿದ್ದಾರೋ ಎಂದು ಟೆಸ್ಟ್ ಮಾಡುತ್ತಿದ್ದರು. ಇಲ್ಲಿ ಇದು ದಿನನಿತ್ಯದ ವ್ಯವಹಾರ. ನಮ್ಮ ಸರದಿಗೆ ಒಬ್ಬಳು ಎಳೆ ವಯಸ್ಸಿನ ಪೊಲೀಸು ಬಂದಳು. ಮೂಗಿನ ಮೇಲೆ ಸನ್‌ಸ್ಕ್ರೀನ್ ಬೆಳ್ಳಗೆ ಮೆತ್ತಿಕೊಂಡಿತ್ತು. ಹಲೋ ಹೇಳಿ, ಮಶೀನು ಮುಂದೆ ಹಿಡಿದು ಒಂದರಿಂದ ಹತ್ತು ಎಣಿಸಿ ಅಂದಳು. ಎಣಿಸಿದೆ. ಎಲ್ಲ ಸರಿಯಿದೆ ಎಂದು ಹೇಳಲು ಹೊರಟವಳು ಬಗ್ಗಿ ನನ್ನ ಪಕ್ಕಕ್ಕೆ ನೋಡಿದಳು.

ನಾನೂ ತಿರುಗಿದೆ. ಅಪ್ಪ ಎರಡೂ ಕೈಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಬೆರಳು ಬಿಡಿಸಿ ಇಟ್ಟುಕೊಂಡಿದ್ದರು. ಕಣ್ಣು ನೆಟ್ಟಗೆ ಮುಂದಕ್ಕಿತ್ತು. ಕಿವಿಯ ಪಕ್ಕದಿಂದ ಬೆವರು ಇಳಿಯುತ್ತಿತ್ತು. ಗೊಂಬೆ ಥರ ಕೂತಿರಬೇಕು ಎಂದು ಮಗ ಹೇಳಿದ ಪಾಠವನ್ನು ಕೊನೆಗೂ ಕಲಿತಿದ್ದರು.

ಇವರಿಗೆ ಏನಾಗಿದೆ, ಹುಷಾರಾಗಿದ್ದಾರಾ ಎಂದು ಅವಳು ಕೇಳಿದಳು. ಏನಿಲ್ಲ, ಬಿಸಿಲು ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ತನ್ನ ಗಾಡಿಯ ಹತ್ತಿರ ಓಡಿಹೋಗಿ ತಣ್ಣಗಿನ ನೀರಿನ ಬಾಟಲಿ ತಂದು, ಮುಚ್ಚಳವನ್ನು ತಾನೇ ತಿರುಗಿಸಿ ತೆಗೆದು, ನನ್ನ ಮುಂದಿನಿಂದ ಅಪ್ಪನ ಕಡೆಗೆ ಚಾಚಿದಳು.

ಅಪ್ಪ ಬಾಟಲಿ ನೋಡಿದರು. ಕೈ ಎತ್ತಲಿಲ್ಲ.

“ಕೈ ತೆಗೀಬೋದಾ ಅಂತ ಕೇಳವ್ವಾ,” ಅಂದರು ಪಿಸುದನಿಯಲ್ಲಿ.

ಕೇಳಿದೆ. ನನ್ನ ಅಪ್ಪ ನೀರು ಕುಡಿಯಲು ಕೈ ಎತ್ತಬಹುದೇ ಎಂದು ಆ ಹುಡುಗಿಯನ್ನು ಇಂಗ್ಲಿಷಿನಲ್ಲಿ ಕೇಳಿದೆ. ಅವಳು ನಗಲಿಲ್ಲ. ಅವಳ ಮುಖ ಸಣ್ಣದಾಯಿತು. ಧಾರಾಳವಾಗಿ, ದಯವಿಟ್ಟು ಕುಡಿಯಿರಿ ಎಂದು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

ಅಪ್ಪ ಬಾಟಲಿ ತೆಗೆದುಕೊಂಡು ಗಟಗಟನೆ ಅರ್ಧ ಕುಡಿದರು. ಅವಳು ಕಾಯುತ್ತಿದ್ದಳು. ನಾನೂ ಕಾದೆ. ಈಗ ಬರುತ್ತದೆ, ಈಗ ಎದೆ ಸೆಟೆಸಿ ‘ಐ ಆಮ್ ಆಲ್ಸೋ ಪೊಲೀಸ್’ ಅನ್ನುತ್ತಾರೆ ಎಂದು ಕಾದೆ. ಹೇಳಿದ್ದರೆ ಆ ಹುಡುಗಿ ಖಂಡಿತ ಕೈಕುಲುಕುತ್ತಿದ್ದಳು.

“ಥ್ಯಾಂಕ್ಯೂ ಮೇಡಂ,” ಅಂದರು ಅಪ್ಪ, ತಲೆ ತಗ್ಗಿಸಿಕೊಂಡೇ. ಮುಚ್ಚಳ ತಿರುಗಿಸಿ, ಬಾಟಲಿಯನ್ನು ತೊಡೆಯ ಮೇಲಿಟ್ಟು, ಎರಡೂ ಕೈಗಳನ್ನು ಮತ್ತೆ ಡ್ಯಾಶ್‌ಬೋರ್ಡಿನ ಮೇಲಿಟ್ಟರು. ಅವಳು ಹೋಗಿ ಎಂದು ಕೈಬೀಸಿದಳು. ನಾನು ಗಾಡಿ ಹೊರಡಿಸಿದೆ. ಕನ್ನಡಿಯಲ್ಲಿ ಅವಳು ಪೂರ್ತಿ ಮರೆಯಾಗುವವರೆಗೂ ಅಪ್ಪ ಕೈ ತೆಗೆಯಲಿಲ್ಲ.