ಬೆಳ್ಳಿಯಂಥ ಸದ್ದು

ಯಂತ್ರ ಕೈಯಿಂದ ಕೈಗೆ ದಾಟುತ್ತ ಮೂರನೆಯ ಸಾಲಿಗೆ ಬಂದಾಗ ಪರಪ್ಪ ಎದ್ದು ನಿಂತು ಅದನ್ನು ಇಸಿದುಕೊಂಡ. ಅದರ ಒಳಗೆ ಏನೂ ಇರಲಿಲ್ಲ, ಬರೀ ಮಾದರಿ. ನಿಜವಾದದ್ದು ಬರುವುದು ಜನವರಿಗೆ. ಆದರೂ ಮೊಣಕೈಯನ್ನು ಮೆತ್ತೆಗೆ ಒರಗಿಸಿ, ಕೆಳಗಿನ ತಟ್ಟೆಯನ್ನು ಚರ್ಚ್ ಹಾಲ್‌ನ ಮರದ ನೆಲದ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿದಾಗ ಅವನ ಮೈ ಜುಮ್ಮೆಂದಿತು. ಹೊಲ, ಸಮುದ್ರದ ದಂಡೆ, ಥೇಮ್ಸ್ ನದಿಯ ಕೆಸರು, ಎಲ್ಲಕ್ಕೂ ಈ ಒಂದೇ ಮೆಟಲ್ ಡಿಟೆಕ್ಟರ್ ಸಾಕಂತೆ. ನೆಲದಡಿಯ ಹಳೆಯ ವಸ್ತು ಹುಡುಕುವ ಹವ್ಯಾಸಿಗಳ ಈ ಕ್ಲಬ್ಬಿನವರು ಆರು ತಿಂಗಳಿಂದ ಇದರ ಮಾತನ್ನೇ ಆಡುತ್ತಿದ್ದರು.

"ಪ್ಯಾಟ್, ನಮಗೂ ಒಂದಿಷ್ಟು ಉಳಿಸಪ್ಪ," ಎಂದು ಹಿಂದಿನಿಂದ ರೆಗ್ ನಕ್ಕ. ರೆಗ್ ಕ್ಲಬ್ಬಿನ ಅಧ್ಯಕ್ಷ, ನಿವೃತ್ತ ಬಸ್ ಡ್ರೈವರ್. ಪರಪ್ಪನನ್ನು ಪ್ಯಾಟ್ ಎಂದು ಕರೆಯಲು ಶುರುಮಾಡಿದವನೂ ಅವನೇ. ವಿಜಯಪುರದ ಪರಪ್ಪ ಅರಿವಳಿಕೆಯ ಡಾಕ್ಟರು. ಎಂಟು ವರ್ಷದ ಹಿಂದೆ ಟೂಟಿಂಗ್‌ನಲ್ಲಿ ಕೆಲಸಕ್ಕಿದ್ದಾಗ ಬೇಸರ ಕಳೆಯಲು ಈ ಕ್ಲಬ್ಬು ಸೇರಿದ್ದ. ಆಮೇಲೆ ಊರಾಚೆ ರೇನರ್ಸ್ ಲೇನ್‌ನಲ್ಲಿ ಮನೆ ಮಾಡಿದರೂ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಟ್ಯೂಬ್ ರೈಲು ಹಿಡಿದು ಇಲ್ಲಿಗೆ ಬರುವುದನ್ನು ಬಿಟ್ಟಿರಲಿಲ್ಲ. ಹೊಸ ಯಂತ್ರಕ್ಕೆ ಹೆಸರು ಬರೆಸಿದವರ ಪಟ್ಟಿಯಲ್ಲಿ ಅವನದು ಎರಡನೆಯ ಹೆಸರು.

ಯಂತ್ರದ ವ್ಯಾಪಾರಿ ದೀಪ ಆರಿಸಿ ಸ್ಲೈಡ್‌ಗಳನ್ನು ತೋರಿಸತೊಡಗಿದ. ಪ್ರತಿ ವಸ್ತುವಿಗೂ ಯಂತ್ರದ ಪರದೆಯ ಮೇಲೆ ಬೇರೆ ಬೇರೆ ಅಂಕಿ ಮೂಡುತ್ತದೆ ಎಂದು ವಿವರಿಸಿದ. ರೋಮನ್ ನಾಣ್ಯ ಬಂತು, ಉಂಗುರ ಬಂತು, ಗುಂಡಿ ಬಂತು. ಆಮೇಲೆ ಒಂದು ಬೂದು ಬಣ್ಣದ ಕೊಳವೆ ಬಂತು. ಮೊಳಕ್ಕಿಂತ ಸ್ವಲ್ಪ ಗಿಡ್ಡ, ಒಂದು ತುದಿ ಮೊಂಡು, ಇನ್ನೊಂದು ತುದಿಯಲ್ಲಿ ಸುತ್ತ ಸಣ್ಣ ತೂತುಗಳು.

"ಇದು ಎರಡನೆಯ ಮಹಾಯುದ್ಧದಲ್ಲಿ ವಿಮಾನದಿಂದ ಬೀಳಿಸುತ್ತಿದ್ದ ಬೆಂಕಿ ಬಾಂಬು. ಬಾಲದ ತಗಡು ತುಕ್ಕು ಹಿಡಿದು ಉದುರಿಹೋಗಿರುತ್ತದೆ, ಹಾಗಾಗಿ ಬಾಂಬು ಅಂತ ಅನ್ನಿಸುವುದಿಲ್ಲ. ಮೈಯೆಲ್ಲ ಮೆಗ್ನೀಸಿಯಮ್. ನಿಮ್ಮ ಹಳೆಯ ಯಂತ್ರ ಇದನ್ನು ಕಂಡರೂ ಬೆಳ್ಳಿ ಕಂಡ ಹಾಗೆ ಹಾಡುತ್ತದೆ. ಹೊಸದು ಹಾಗೆ ಮೋಸಹೋಗುವುದಿಲ್ಲ. ಕೆಲವುಗಳ ತಲೆಯಲ್ಲಿ ಸಿಡಿಮದ್ದೂ ಇರುತ್ತದೆ. ಮುಟ್ಟಬೇಡಿ, ಪೊಲೀಸರಿಗೆ ಫೋನ್ ಮಾಡಿ. ಇನ್ನೊಂದು ಮಾತು, ಇವು ಒಂಟಿಯಾಗಿ ಬೀಳುತ್ತಿರಲಿಲ್ಲ. ಒಂದು ಸಿಕ್ಕಿದ ಕಡೆ ಇನ್ನೂ ಹತ್ತು ಇರುತ್ತವೆ."

ಆ ತೂತುಗಳನ್ನು ಪರಪ್ಪ ಎಣಿಸಿದ್ದ. ಹಳೆಯ ಟೂತ್‌ಬ್ರಶ್ಶಿನಿಂದ ಅವುಗಳ ಮಣ್ಣು ತೆಗೆದವನೂ ಅವನೇ.

ಆಗಸ್ಟ್‌ನಲ್ಲಿ, ಮನೆಯ ಹತ್ತಿರ ಕೌನ್ಸಿಲ್‌ನ, ಅಂದರೆ ಅಲ್ಲಿನ ನಗರಸಭೆಯ, ಪಾರ್ಕಿನಲ್ಲಿ ಸಿಕ್ಕಿತ್ತು ಅದು. ಪಾರ್ಕಿನಲ್ಲಿ ಅಗೆಯುವುದಕ್ಕೆ ಪರವಾನಗಿ ಇಲ್ಲ. ಕ್ಲಬ್ಬಿನ ಮೊದಲ ನಿಯಮವೇ ಅದು. ಒಂದು ಬೆಳಗ್ಗೆ ಆರಕ್ಕೆ, ಯಾರೂ ಇಲ್ಲದಾಗ, ಬೆಳ್ಳಿಯಂಥ ಸದ್ದು ಕೇಳಿ ಅವನಿಗೆ ತಡೆಯಲಾಗಿರಲಿಲ್ಲ. ಯಾವುದೋ ಲಾರಿಯ ಭಾಗ ಅಂದುಕೊಂಡು ಮನೆಗೆ ತಂದಿದ್ದ. ಊರಿನಿಂದ ಬಂದಿದ್ದ ಅವ್ವ ಅದನ್ನು ಕೈಯಲ್ಲಿ ತೂಗಿ ನೋಡಿದ್ದಳು. ಮಿಕ್ಸಿಗೆ ಹಾಕಿದರೆ ಶೇಂಗಾ ಚಟ್ನಿಪುಡಿ, ಅವಳ ಮಾತಿನಲ್ಲಿ ಹಿಂಡಿ, ಗೊಜ್ಜಿನ ಹಾಗೆ ಆಗುತ್ತದೆ, ಕುಟ್ಟಿದರೇ ರುಚಿ ಎಂದು ಅವಳು ಬಂದಾಗಿನಿಂದ ಗೊಣಗುತ್ತಿದ್ದಳು. ಆವತ್ತೇ ಅದು ಅಡುಗೆಮನೆ ಸೇರಿತು. ಎರಡು ತಿಂಗಳಿಂದ ವಾರಕ್ಕೊಮ್ಮೆಯಾದರೂ ಅವಳು ಅದರಿಂದಲೇ ಕುಟ್ಟುತ್ತಿದ್ದಳು. ನಾಳೆ ಮನೆಗೆ ಹದಿನೈದು ಜನ ಊಟಕ್ಕೆ ಬರುವವರಿದ್ದರು.

ಪರಪ್ಪ ಕತ್ತಲಲ್ಲಿ ಯಾರ ಕಾಲನ್ನೋ ತುಳಿದುಕೊಂಡು ಹೊರಗೆ ಬಂದ. ಹಾಲ್‌ನ ಮೊಗಸಾಲೆಯಲ್ಲಿ ಗೋಡೆಗೆ ನಾಣ್ಯ ಹಾಕುವ ಫೋನಿತ್ತು. ಹೆಂಡತಿ ಸೌಜನ್ಯಾ ಮಗಳನ್ನು ಕೆಂಟನ್‌ಗೆ ಡ್ಯಾನ್ಸ್ ಕ್ಲಾಸಿಗೆ ಕರೆದುಕೊಂಡು ಹೋಗಿದ್ದಳು, ಬರುವುದು ನಾಲ್ಕೂವರೆಗೆ. ಮನೆಯಲ್ಲಿ ಅವ್ವ ಒಬ್ಬಳೇ. ಒಂಬತ್ತು ಸಲ ಗಂಟೆ ಬಾರಿಸಿದ ಮೇಲೆ ಅವಳು ಫೋನ್ ಎತ್ತಿದಳು.

"ಹಲೋ," ಎಂದಳು, ಕಲಿಸಿಕೊಟ್ಟ ಹಾಗೆ.

"ಅವ್ವಾ, ನಾ ಪರಪ್ಪ. ಏನ್ ಮಾಡಾಕತ್ತೀದಿ?"

"ಹಿಂಡಿ ಕುಟ್ಟಾಕತ್ತೇನಿ. ನಾಳೆ ಮಂದಿ ಬರ್ತಾರಲ್ಲ. ಅರ್ಧಾ ಆಗೇತಿ ನೋಡು."

"ಕುಟ್ಟೂದು ಎಲ್ಲೈತಿ ಈಗ?"

"ಎಲ್ಲಿರತೈತಿ? ಕೈಯಾಗ ಐತಿ. ಫೋನ್ ಹೊಡಕೊಳ್ಳಾಕತ್ತಿತ್ತು, ಹಂಗಾ ಓಡಿ ಬಂದೆ."

ಪರಪ್ಪ ಗೋಡೆಗೆ ಹಣೆ ಒತ್ತಿದ. ಜೋರಾಗಿ ಹೇಳಿದರೆ ಅವಳು ಬೆಚ್ಚಿ ಕೈಬಿಟ್ಟಾಳು.

"ಅವ್ವಾ, ನಾ ಹೇಳಿದಂಗ ಮಾಡು. ಯಾಕ ಅಂತ ಕೇಳಬ್ಯಾಡ. ಅದನ್ನ ಸಾವಕಾಶ ಕಾರ್ಪೆಟ್ ಮ್ಯಾಲ ಇಡು. ಕೂಸಿನ್ನ ಮಲಗಿಸಿದಂಗ ಮಲಗಿಸು."

"ಕಾರ್ಪೆಟ್ಟಿಗೆ ಖಾರ ಹತ್ತತೈತಿ. ಸೌಜನ್ಯಾ ಬೈತಾಳ."

"ಹತ್ತಲಿ. ಇಡು."

ಸೊಂಟ ಬಗ್ಗಿಸುವಾಗ ಅವಳು ಎಂದಿನಂತೆ ಹಾಕುವ ನಿಟ್ಟುಸಿರು ಕೇಳಿಸಿತು. ಆಮೇಲೆ ಏನೂ ಇಲ್ಲ. ಅವನು ಕಣ್ಣು ಮುಚ್ಚಿಕೊಂಡ.

"ಇಟ್ಟೆ. ಯಾಕೋ, ನಿನ್ನ ದನಿ ಹಿಂಗ್ಯಾಕ ಆಗೇತಿ?"

"ಗ್ಯಾಸ್ ಹಚ್ಚೀದೇನು?"

"ಹಾಲು ಇಟ್ಟೇನಿ."

"ಹೋಗಿ ಆರಿಸು. ಆಮ್ಯಾಲೆ ಮುಂದಿನ ಬಾಗಲಾ ತಗದು ಹೊರಗ ಹೋಗು. ರಸ್ತೆ ಕೊನಿಗೆ ಅಂಚೆಪೆಟ್ಟಿಗಿ ಐತೆಲ್ಲ, ಅಲ್ಲಿಗೆ ಹೋಗಿ ನಿಲ್ಲು."

"ಕೀಲಿ ನನ್ನ ಹಂತ್ಯಾಕ ಇಲ್ಲ. ಬಾಗಲಾ ಮುಚ್ಚಿಕೊಂಡ್ರ?"

"ಮುಚ್ಚಿಕೊಳ್ಳಲಿ. ಅವ್ವಾ, ನಿನ್ನ ಕಾಲ್ ಬೀಳ್ತೇನಿ, ಹೋಗು."

ರಿಸೀವರನ್ನು ಮೇಜಿನ ಮೇಲೆ ಹಾಗೇ ಇಟ್ಟ ಸದ್ದಾಯಿತು. ಹೆಜ್ಜೆಗಳು ಅಡುಗೆಮನೆಗೆ ಹೋದವು, ತಿರುಗಿ ಬಂದವು, ನಿಂತವು, ಮತ್ತೆ ಹೊರಟವು. ಕೊನೆಗೆ ಬಾಗಿಲು ಬಡಿದುಕೊಂಡಿತು. ಖಾಲಿ ಮನೆಯಲ್ಲಿ ಫ್ರಿಜ್ ಗುಂಯ್‌ಗುಡುವುದು ಟೂಟಿಂಗ್‌ನವರೆಗೂ ಕೇಳುತ್ತಿತ್ತು.

ಅವನು ಆ ಕರೆ ಮುಗಿಸಿ ತುರ್ತು ಸೇವೆಯ 999 ಒತ್ತಿದ. ವಿಳಾಸ ಹೇಳಿದ, ವಸ್ತು ಹೇಗಿದೆ ಎಂದು ಹೇಳಿದ. ಮನೆಯಲ್ಲಿ ಯಾರೂ ಇಲ್ಲ, ಹೆಂಡತಿ ಮಗಳು ಬಂದರೆ ಒಳಗೆ ಬಿಡಬೇಡಿ ಎಂದ.

"ಅದು ಎಲ್ಲಿ ಸಿಕ್ಕಿತು, ಸರ್?" ಎಂದು ಆ ಕಡೆಯ ಹೆಣ್ಣುದನಿ ಕೇಳಿತು.

ಪಾರ್ಕು ಎಂದರೆ ಕೌನ್ಸಿಲ್‌ನವರು ಕೇಸು ಹಾಕುತ್ತಾರೆ. ಕೇಸಾದರೆ ಮೆಡಿಕಲ್ ಕೌನ್ಸಿಲ್‌ಗೆ ತಿಳಿಸಬೇಕು. ಇಪ್ಪತ್ತು ವರ್ಷದ ಡಾಕ್ಟರಿಕೆ ಅವನ ಕಣ್ಣ ಮುಂದೆ ಬಂತು.

"ಗೊತ್ತಿಲ್ಲ. ಮನೆಯಲ್ಲಿತ್ತು," ಎಂದು ಫೋನ್ ಇಟ್ಟ.

ತಿರುಗಿದರೆ ರೆಗ್ ನಿಂತಿದ್ದ. ಮುಖ ನೋಡಿದ್ದೇ, ವ್ಯಾನ್‌ನಲ್ಲಿ ಬಿಡುತ್ತೇನೆ ಎಂದ. ಶನಿವಾರದ ಟ್ರಾಫಿಕ್‌ಗೆ ಟ್ಯೂಬೇ ವಾಸಿ ಎಂದು ಪರಪ್ಪ ಕೋಟನ್ನೂ ತೆಗೆದುಕೊಳ್ಳದೆ ಓಡಿದ.

ಟೂಟಿಂಗ್‌ನಿಂದ ರೇನರ್ಸ್ ಲೇನ್‌ಗೆ ಒಂದೂಕಾಲು ಗಂಟೆ. ಇಷ್ಟು ಹೊತ್ತಿಗೆ ಅವ್ವ ಚಪ್ಪಲಿಗೋ ಸ್ವೆಟರಿಗೋ ಮರಳಿ ಹೋಗಿರಬಹುದೇ? ಬಾಗಿಲು ಮುಚ್ಚಿಕೊಂಡಿದೆ, ಹೋಗಲಾರಳು. ಹಿತ್ತಲ ಬಾಗಿಲು? ಶನಿವಾರ ಅದು ತೆರೆದೇ ಇರುತ್ತದೆ. ರೈಲು ಸುರಂಗದೊಳಗೆ ಎರಡು ನಿಮಿಷ ಸುಮ್ಮನೆ ನಿಂತಿತು. ಎದುರಿಗೆ ಕೂತ ಮುದುಕಿ ಬಿಸ್ಕತ್ತು ತಿನ್ನುತ್ತಿದ್ದಳು. ಅದು ಮುರಿಯುವ ಸದ್ದಿಗೂ ಅವನ ಎದೆ ಧಸಕ್ಕೆನ್ನುತ್ತಿತ್ತು. ರೈಲು ಮತ್ತೆ ಹೊರಟಾಗ ವ್ಯಾಪಾರಿಯ ಇನ್ನೊಂದು ಮಾತು ನೆನಪಾಯಿತು. ಒಂದು ಸಿಕ್ಕಿದ ಕಡೆ ಇನ್ನೂ ಹತ್ತು. ಅವನು ಅಗೆದ ಜಾಗದಿಂದ ಇಪ್ಪತ್ತು ಹೆಜ್ಜೆಗೆ ಫುಟ್‌ಬಾಲ್ ಗೋಲ್‌ಕಂಬಗಳಿದ್ದವು. ಭಾನುವಾರ ಬೆಳಗ್ಗೆ ಅಲ್ಲಿ ಎಂಟು ವರ್ಷದೊಳಗಿನ ಮಕ್ಕಳ ಪಂದ್ಯ ನಡೆಯುತ್ತಿತ್ತು. ಮಳೆಗೆ ಮೆತ್ತಗಾದ ನೆಲದಲ್ಲಿ ಅವರು ಬೂಟುಗಾಲಿನಿಂದ ಮಣ್ಣು ಕಿತ್ತು ಒದೆಯುವುದನ್ನು ಅವನೇ ನೋಡಿದ್ದ.

ರಸ್ತೆಯ ಬಾಯಿಗೆ ಪೊಲೀಸರು ನೀಲಿ ಬಿಳಿ ಪಟ್ಟಿ ಕಟ್ಟಿದ್ದರು. ಜನರ ನಡುವೆ ಸೌಜನ್ಯಾ ಮಗಳನ್ನು ತೊಡೆಗೆ ಒತ್ತಿಕೊಂಡು ನಿಂತಿದ್ದಳು. ಅವನನ್ನು ಕಂಡು ಪೊಲೀಸ್ ವ್ಯಾನಿನ ಕಡೆ ಕೈ ಮಾಡಿದಳು. ಅಷ್ಟರಲ್ಲೇ ಸೈನ್ಯದ ಇಬ್ಬರು ಮರಳು ತುಂಬಿದ ಪೆಟ್ಟಿಗೆಯನ್ನು ಮನೆಯಿಂದ ಹೊತ್ತು, ತುಂಬಿದ ಕೊಡ ತರುವವರ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ನಡುರಸ್ತೆಯಲ್ಲಿ ಬಂದರು. ಪೆಟ್ಟಿಗೆ ಹೊತ್ತು ಸೈನ್ಯದ ಲಾರಿ ಹೋದ ಮೇಲೆ, ಹಿಂದೆ ಉಳಿದ ಅವರ ಅಧಿಕಾರಿ ಪರಪ್ಪನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ತಲೆಯಲ್ಲಿ ಮದ್ದಿರುವ ಜಾತಿ ಅದು. ಮದ್ದು ಇನ್ನೂ ಒಣಗಿಯೇ ಇತ್ತು, ಸಿಡಿಯಬಹುದಿತ್ತು. ನಿಮ್ಮ ತಾಯಿ ಅದರ ಯಾವ ತುದಿಯಿಂದ ಕುಟ್ಟುತ್ತಿದ್ದರು ಅಂತ ಕೇಳಬೇಕೆಂದಿದ್ದೆ. ಬೇಡ ಬಿಡಿ."

ಅವ್ವ ಬಸಲಿಂಗವ್ವ ಪೊಲೀಸ್ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅವಳ ಇಳಕಲ್ ಸೀರೆಯ ಮೇಲೆ ಯಾರೋ ಪೊಲೀಸರ ಜಾಕೆಟ್ ಹೊದಿಸಿದ್ದರು. ಕೈಯ ತುಂಬ ಇನ್ನೂ ಖಾರದ ಪುಡಿಯಿತ್ತು. ಪಕ್ಕದಲ್ಲಿ ಒಬ್ಬ ಪೊಲೀಸ್ ಹೆಂಗಸು ನೋಟ್‌ಬುಕ್ ಬಿಚ್ಚಿಕೊಂಡಿದ್ದಳು.

"ನೀವು ಮಗನೇ? ಒಳ್ಳೆಯದಾಯಿತು. ಅದು ಎಲ್ಲಿ ಸಿಕ್ಕಿತು ಅಂತ ಇವರನ್ನು ಕೇಳಿ. ನಮ್ಮ ಮಾತು ಇವರಿಗೆ ತಿಳಿಯುತ್ತಿಲ್ಲ," ಎಂದಳು.

ಪರಪ್ಪ ಕೇಳಿದ. ಬಸಲಿಂಗವ್ವ ಮೊದಲು ನೋಟ್‌ಬುಕ್ ನೋಡಿದಳು, ಆಮೇಲೆ ಮಗನ ಮುಖ ನೋಡಿದಳು.

"ಹಿತ್ತಲದಾಗ ಸಿಕ್ಕಿತು ಅಂತ ಹೇಳು. ಮೆಂತ್ಯ ಹಾಕಾಕ ನೆಲಾ ಕೆದರೂಮುಂದ ನನಗ ಸಿಕ್ಕೈತಿ."

"ಅವ್ವಾ."

"ನನಗೇನ್ ಮಾಡ್ತಾರ? ವಿಮಾನ ಹತ್ತಿಸಿ ಕಳಸ್ತಾರ. ಹೆಂಗೂ ಮುಂದಿನ ತಿಂಗಳಾ ಹೋಗೂದೈತಿ. ನೀ ಹೇಳು."

ಪೊಲೀಸ್ ಹೆಂಗಸು ಪೆನ್ನು ಹಿಡಿದು ಕಾಯುತ್ತಿದ್ದಳು. ಇಬ್ಬರ ಭಾಷೆಯೂ ಗೊತ್ತಿದ್ದವನು ಅವನೊಬ್ಬನೇ. ಸೌಜನ್ಯಾ ಪಟ್ಟಿಯ ಆಚೆ ನಿಂತಿದ್ದಳು, ಅಲ್ಲಿಗೆ ಏನೂ ಕೇಳಿಸುವಂತಿರಲಿಲ್ಲ.

"ಹಿತ್ತಲಲ್ಲಿ ಸಿಕ್ಕಿತು ಅನ್ನುತ್ತಿದ್ದಾಳೆ," ಎಂದ ಇಂಗ್ಲಿಷಿನಲ್ಲಿ. ಅವಳು ಬರೆಯತೊಡಗಿದಳು. "ಅದನ್ನು ಬರೆಯಬೇಡಿ. ಅದು ನಿಜವಲ್ಲ. ನಾನು ಅಗೆದದ್ದು. ಆಗಸ್ಟ್‌ನಲ್ಲಿ, ಕೌನ್ಸಿಲ್ ಪಾರ್ಕಿನಲ್ಲಿ, ಪರವಾನಗಿ ಇಲ್ಲದೆ. ಗೋಲ್‌ಕಂಬದ ಹತ್ತಿರ. ಅಲ್ಲಿ ಇನ್ನೂ ಇರಬಹುದು. ನಾಳೆ ಬೆಳಗ್ಗೆ ಮಕ್ಕಳು ಆಡಲು ಬರುತ್ತಾರೆ."

ಪೆನ್ನು ನಿಂತಿತು. ಅವಳು ಅವನನ್ನೊಮ್ಮೆ ದಿಟ್ಟಿಸಿ, ಹಾಳೆ ತಿರುಗಿಸಿ, ಹೊಸದಾಗಿ ಬರೆಯಲು ಶುರುಮಾಡಿದಳು. ಅವನು ಜಾಗ ಹೇಳಿದ, ಆಳ ಹೇಳಿದ, ಹೊತ್ತು ಹೇಳಿದ. ಪಕ್ಕದಲ್ಲಿ ಬಸಲಿಂಗವ್ವ ಖಾರದ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಮಗ ಒಂದೊಂದು ಮಾತು ಮುಗಿಸಿದಾಗಲೂ ಪೊಲೀಸಾಕೆಯ ಮುಖ ನೋಡಿ, ಹೌದು ಹೌದು ಎಂದು ಗಟ್ಟಿಯಾಗಿ ತಲೆಯಾಡಿಸುತ್ತಿದ್ದಳು.