ಕುರ್ಚಿಯ ಬೆನ್ನಿನ ಮೇಲಿನ ಹೆಸರು

ಶಿವಮೂರ್ತಿ ಯಾವ ವ್ಯಾಪಾರ ಶುರು ಮಾಡಿದರೂ ಮೊದಲು ಹೇಳಿಕಳಿಸುತ್ತಿದ್ದದ್ದು ಬೋರ್ಡ್ ಬರೆಯುವ ಪುಟ್ಟಮಾದುಗೆ. ಪೂಜೆ ಮಾಡುವ ಅಯ್ನೋರು ಆಮೇಲೆ, ಬಂಡವಾಳ ಅದಕ್ಕೂ ಆಮೇಲೆ, ಗಿರಾಕಿ ಎನ್ನುವವನು ಬಂದರೆ ಬಂದ, ಬಿಟ್ಟರೆ ಬಿಟ್ಟ. ಹೆಸರು ಮಾತ್ರ ಬಾಗಿಲ ಮೇಲೆ, ಗೋಡೆಯ ಮೇಲೆ, ಮೇಜಿನ ಅಂಚಿನಲ್ಲಿ, ಸಾಲದ್ದಕ್ಕೆ ನೀರು ಕುಡಿಯುವ ಲೋಟದ ಹೊಟ್ಟೆಯ ಮೇಲೂ ಇರಲೇಬೇಕು. ‘ಶಿವಮೂರ್ತಿ, ಗುಂಡ್ಲುಪೇಟೆ’ ಎಂದು ಕೆಂಪು ಬಣ್ಣದಲ್ಲಿ ಬರೆದು ಬರೆದು ಪುಟ್ಟಮಾದುವಿನ ಕೈ ಎಷ್ಟು ಪಳಗಿತ್ತೆಂದರೆ, ಒಮ್ಮೆ ಬೇರೆ ಯಾರದೋ ಬೀಡಾ ಅಂಗಡಿಯ ಬೋರ್ಡಿನ ಮೇಲೂ ಅದನ್ನೇ ಬರೆದು ಬೈಸಿಕೊಂಡಿದ್ದ.

ಮೊದಲು ಶುರುವಾದದ್ದು ಟ್ಯುಟೋರಿಯಲ್. ಎಸ್ಸೆಸ್ಸೆಲ್ಸಿ ಫೇಲಾದ ಮಕ್ಕಳಿಗೆ ಪಾಠ. ರಾಶಿ ಪ್ಲಾಸ್ಟಿಕ್ ಕುರ್ಚಿ ತರಿಸಿ, ಒಂದೊಂದರ ಬೆನ್ನಿಗೂ ಹೆಸರು ಬರೆಸಿದ. ಅಲ್ಲಿ ಓದಿದ ಮಕ್ಕಳು ಇನ್ನೊಂದು ಸಲ, ಈ ಬಾರಿ ಮನಸ್ಫೂರ್ತಿಯಾಗಿ ಫೇಲಾದರು. ಆಮೇಲೆ ಊಟಿ ರಸ್ತೆಯಲ್ಲಿ ಲಾರಿ ಡ್ರೈವರುಗಳಿಗೆಂದು ಮೆಸ್ ತೆರೆದ. ಅನ್ನದ ಹಂಡೆ, ಸಾರಿನ ಕೊಳದಪ್ಪಲೆ, ಸೌಟು, ಜರಡಿ, ಎಲ್ಲದರ ಮೇಲೂ ಹೆಸರು ಕೆತ್ತಿಸಿದ. ಹಸಿದು ಬಂದ ಡ್ರೈವರುಗಳಿಗೆ ಹೋಟೆಲ್ ಉದ್ಯಮದ ಮಹತ್ವ ವಿವರಿಸುತ್ತಾ ನಿಂತರೆ ಒಳಗೆ ಸಾರು ಸೀದು ಹೋಗುತ್ತಿತ್ತು. ಅದೂ ಬಾಗಿಲು ಹಾಕಿತು. ಮೂರನೆಯದು ಆರ್ಕೆಸ್ಟ್ರಾ. ಮೈಕ್ ಸೆಟ್ಟು, ಆಳೆತ್ತರದ ಸ್ಪೀಕರ್ ಡಬ್ಬಗಳು, ಅವುಗಳ ಮೇಲೂ ಹೆಸರು. ಗಾಯಕರನ್ನು ಇಟ್ಟುಕೊಂಡಿದ್ದರೆ ಅದು ನಡೆಯುತ್ತಿತ್ತೋ ಏನೋ, ಆದರೆ ಅವನು ತಾನೇ ಹಾಡಿದ.

ಪ್ರತಿ ಸಲ ಬಾಗಿಲು ಹಾಕಿದ ಮಾರನೆಯ ಬೆಳಿಗ್ಗೆ ಮಾದೇವನ ಲಗೇಜ್ ಆಟೋ ಬಂದು ನಿಲ್ಲುತ್ತಿತ್ತು. ಮಾದೇವ ಗುಂಡ್ಲುಪೇಟೆ ಶಾಲೆಯಲ್ಲಿ ಶಿವಮೂರ್ತಿಯ ಜೊತೆ ಓದಿದವನು. ಓದಿದವನು ಎನ್ನುವುದು ಮರ್ಯಾದೆಯ ಮಾತು, ಕೊನೆಯ ಬೆಂಚಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದ. ಬಂದವನು ಅಯ್ಯೋ ಪಾಪ ಅನ್ನುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ. ಜೇಬಿನಲ್ಲಿದ್ದದ್ದನ್ನು ಕೊಟ್ಟು, ಕುರ್ಚಿಯನ್ನೋ ಹಂಡೆಯನ್ನೋ ಹಗ್ಗ ಹಾಕಿ ಬಿಗಿದು, ಟೀ ಕುಡಿಸಿ ಹೋಗುತ್ತಿದ್ದ. ಕುರ್ಚಿ, ಪಾತ್ರೆ, ಮೈಕ್ ಮೂರೂ ಒಂದೆಡೆ ಸೇರಿದ ಮೇಲೆ ಒಂದಿಷ್ಟು ಬಿದಿರಿನ ಗಳ, ಬಟ್ಟೆ ಹೊಂದಿಸಿಕೊಂಡು ಶಾಮಿಯಾನ ಅಂಗಡಿ ಇಟ್ಟ. ಅದಕ್ಕೆ ಬೋರ್ಡೇ ಇರಲಿಲ್ಲ. ಎರಡು ತಾಲ್ಲೂಕಿನಲ್ಲಿ ಮದುವೆ, ತಿಥಿ, ಗೃಹಪ್ರವೇಶ ಏನೇ ಆದರೂ ಜನ ಅವನನ್ನೇ ಹುಡುಕಿಕೊಂಡು ಹೋಗತೊಡಗಿದರು.

ಇತ್ತ ಶಿವಮೂರ್ತಿ ಹೆಂಡತಿ ಬಿಂದುಶ್ರೀಯ ಜೊತೆ ಚಾಮರಾಜನಗರಕ್ಕೆ ಬಂದು, ಮಾವನ ಮನೆಯ ಹಿಂಭಾಗದ ಪೋರ್ಷನ್ನಿನಲ್ಲಿ ಸಂಸಾರ ಹೂಡಿದ. ಅವಳಿಗೆ ಸಹಕಾರ ಸಂಘದಲ್ಲಿ ಕೆಲಸವಿತ್ತು, ಹಾಗಾಗಿ ಒಲೆ ಉರಿಯುತ್ತಿತ್ತು. ಮಾವ ಗುರುಪಾದಸ್ವಾಮಿಗೆ ಅರಿಶಿನದ ಮಂಡಿ. ಅಳಿಯ ಬಂದು ಮಂಡಿಯಲ್ಲಿ ಕೂತು ಮೂಟೆ ತೂಗಿಸಲಿ ಎಂದು ಅವರ ಆಸೆ. ಶಿವಮೂರ್ತಿಗೆ ಅರಿಶಿನದ ದೂಳು ಕಂಡರೆ ಸೀನು, ಮೂಟೆ ಕಂಡರೆ ಆಕಳಿಕೆ. ಅದೆಲ್ಲ ಇರಲಿ, ಮಂಡಿಗೆ ಆಗಲೇ ಮಾವನ ಹೆಸರಿತ್ತು.

ಆ ವೇಳೆಗೆ, ಎರಡು ಸಾವಿರದ ಆರೋ ಏಳೋ ಇರಬೇಕು, ಎಲ್ಲಿ ನೋಡಿದರೂ ವ್ಯಕ್ತಿತ್ವ ವಿಕಸನದ ಹಾವಳಿ. ಟೈ ಕಟ್ಟಿದವರೆಲ್ಲ ಕಾಲೇಜಿಗೆ ನುಗ್ಗಿ ಯಶಸ್ಸಿನ ಗುಟ್ಟು ಹೇಳುತ್ತಿದ್ದರು. ಶಿವಮೂರ್ತಿಯೂ ಒಂದು ಟೈ ತಂದ. ಯಾವುದನ್ನೂ ದಡ ಸೇರಿಸದವನು ದಡ ಸೇರುವುದು ಹೇಗೆಂದು ಹೇಳಲು ಹೊರಟದ್ದನ್ನು ನೋಡಿ ನೀವು ನಗಬಹುದು. ಆದರೆ ದಡ ಸೇರಿದವರಿಗೆ ಭಾಷಣಕ್ಕೆ ಪುರುಸೊತ್ತಾದರೂ ಎಲ್ಲಿರುತ್ತದೆ? ಅವನು ‘ಯಶಸ್ಸಿನ ಏಳು ಮೆಟ್ಟಿಲು’ ಎಂದು ಭಾಷಣ ಕಟ್ಟಿಕೊಂಡ. ಸಿಗುತ್ತಿದ್ದದ್ದು ಬಸ್ ಚಾರ್ಜು, ಒಂದು ಶಾಲು, ಪ್ಲಾಸ್ಟಿಕ್ ಸುತ್ತಿದ ಒಂದು ಫೋಟೋ ಫ್ರೇಮು.

ಮಾವನ ತಾಳ್ಮೆ ಮುಗಿಯುವ ಹೊತ್ತಿಗೆ ಸರಿಯಾಗಿ ಊರಿನ ವರ್ತಕರ ಮಿತ್ರಕೂಟದಿಂದ ಕರೆ ಬಂತು. ವರ್ಷಕ್ಕೊಬ್ಬ ಸಾಧಕನಿಗೆ ಪೇಟ ತೊಡಿಸಿ ಅವನಿಂದಲೇ ಭಾಷಣ ಮಾಡಿಸುವುದು ಆ ಕೂಟದ ಪದ್ಧತಿ. ಈ ವರ್ಷದ ಸಾಧಕ ಶಿವಮೂರ್ತಿಯಂತೆ. ಸುದ್ದಿ ಕೇಳಿ ಬಿಂದುಶ್ರೀ ಒಗ್ಗರಣೆಗೆ ಹಾಕಬೇಕಿದ್ದ ಸಾಸಿವೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಳು. ಮಾವ ಮಾತ್ರ ಎಲೆ ಅಡಿಕೆ ಮೆಲ್ಲುತ್ತಾ, ಅಳಿಯನಿಗೆ ಬೇಕೆಂದೇ ಬಹುವಚನ ಹಚ್ಚಿ ಮಾತನಾಡಿದರು.

“ಅಳಿಯಂದ್ರೇ, ಅಲ್ಲಿ ಕೂರೋರೆಲ್ಲ ನಮ್ ಮಂಡಿ ಜನ. ಅವ್ರು ಸುಮ್ಸುಮ್ನೆ ಚಪ್ಪಾಳೆ ತಟ್ಟೋರಲ್ಲ. ಅವ್ರು ನಿಮ್ಗೆ ತಟ್ಟುದ್ರೆ ಇನ್ಮೇಲೆ ನಾನು ಮಂಡಿ ಸುದ್ದಿ ಎತ್ತಲ್ಲ. ತಟ್ಟನಿಲ್ಲ ಅಂದ್ರೆ ಸೋಮವಾರ ಬಂದು ತಕ್ಕಡಿ ಮುಂದೆ ಕೂತ್ಕಳಿ.”

ಶಿವಮೂರ್ತಿ ಒಪ್ಪಿದ. ಅವತ್ತಿನಿಂದ ಅವನಿಗೆ ಊಟ ಸೇರಲಿಲ್ಲ. ಅವನ ಏಳು ಮೆಟ್ಟಿಲಿನ ತುಂಬ ಇದ್ದವರು ಜಪಾನಿನವರು, ಅಮೆರಿಕದವರು. ಅರಿಶಿನ ತೂಗುವವರಿಗೆ ಜಪಾನಿನವನ ಗೊಡವೆ ಯಾಕೆ? ಊರಿನ ಕಡೆಯವನೇ ಒಬ್ಬ ಬೇಕು. ಕೂಡಲೇ ನೆನಪಾದವನು ಮಾದೇವ. ಗುಂಡ್ಲುಪೇಟೆ ಬಸ್ ಹತ್ತಿದ.

ಮಾದೇವ ಗೋಡೌನಿನಲ್ಲಿ ಕುಕ್ಕರುಗಾಲಲ್ಲಿ ಕೂತು ಹಂಡೆ ಉಜ್ಜುತ್ತಿದ್ದ. ಶಿವಮೂರ್ತಿ ಪೆನ್ನು ತೆಗೆದು, ನಿನ್ನ ಯಶಸ್ಸಿನ ಗುಟ್ಟೇನು ಎಂದು ಕೇಳಿದ. ಮಾದೇವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇನ್ನೊಮ್ಮೆ ಬಿಡಿಸಿ ಕೇಳಿದ ಮೇಲೆ ಹುಣಸೆಹಣ್ಣಿನ ಕೈಯಲ್ಲೇ ತಲೆ ಕೆರೆದುಕೊಂಡ.

“ಯಾನೂ ಇಲ್ಲ ಕಣ್ಲಾ. ಕೇಳುದ್ರೆ ತಕ್ಕೋಗಿ ಆಕ್ತೀನಿ, ಮುಗುದ್ಮೇಲೆ ಬಿಚ್ಕಂಡ್ ಬತ್ತೀನಿ.”

ಗುರಿ ಇತ್ತೇ ಎಂದರೆ ಇರಲಿಲ್ಲ. ಕನಸು ಕಂಡಿದ್ದೆಯಾ ಎಂದರೆ, ನಿದ್ದೆಗೇ ಪುರುಸೊತ್ತಿಲ್ಲ ಅಂದ. ಒಂದು ಮೆಟ್ಟಿಲಿಗೂ ಆಗುವಷ್ಟು ಸರಕು ಸಿಗಲಿಲ್ಲ. ಶಿವಮೂರ್ತಿ ಬೇಸತ್ತು ಸುತ್ತ ನೋಡಿದರೆ, ಗೋಡೌನಿನ ತುಂಬ ತನ್ನದೇ ಹೆಸರು. ಕುರ್ಚಿಗಳ ಬೆನ್ನಿನ ಮೇಲೆ, ಹಂಡೆಗಳ ಕೊರಳಲ್ಲಿ, ಸ್ಪೀಕರಿನ ಎದೆಯ ಮೇಲೆ. ಇದನ್ನು ಕೆರೆದು ನಿನ್ನ ಹೆಸರು ಬರೆಸಬಾರದಿತ್ತೇ ಎಂದ. ಮಾದೇವ ಬೂದಿ ಮೆತ್ತಿದ ನಾರನ್ನು ಪಕ್ಕಕ್ಕಿಟ್ಟು, ಕೆರೆಯುತ್ತಾ ಕೂತರೆ ಮದುವೆ ಮನೆಗೆ ಯಾರು ಹೋಗುತ್ತಾರೆ ಎಂದ. ಮೇಲಾಗಿ ಹೆಸರಿರುವ ಸೌಟು ಯಾವ ಊರಲ್ಲಿ ಕಳೆದರೂ ವಾಪಸು ಬರುತ್ತದಂತೆ, ಹೆಸರಿಲ್ಲದ್ದು ಹೋದರೆ ಹೋದಂತೆಯೇ. ಭಾನುವಾರ ಚಾಮರಾಜನಗರದಲ್ಲಿ ಯಾವುದೋ ಫಂಕ್ಷನ್ನಿಗೆ ಕುರ್ಚಿ, ಮೈಕು ಹಾಕಬೇಕು, ಅಲ್ಲೇ ಸಿಗೋಣ ಎಂದು ಹೇಳಿ ಮತ್ತೆ ಹಂಡೆಗೆ ಕೈ ಹಾಕಿದ.

ಆ ಫಂಕ್ಷನ್ನೇ ಮಿತ್ರಕೂಟದ್ದು. ಭಾನುವಾರ ಸಂಜೆ ಶಿವಮೂರ್ತಿ ಟೈ ಬಿಗಿದು ವೇದಿಕೆ ಹತ್ತಿದಾಗ, ಎದುರಿಗೆ ಇಡೀ ಊರಿನ ವರ್ತಕರು ಅವನ ಹೆಸರಿಗೆ ಬೆನ್ನು ಕೊಟ್ಟು ಕೂತಿದ್ದರು. ಮುಂದಿನ ಸಾಲಿನಲ್ಲಿ ಮಾವ, ಪಕ್ಕದಲ್ಲಿ ಬಿಂದುಶ್ರೀ. ವೇದಿಕೆಯ ಕೆಳಗೆ ಮೂಲೆಯಲ್ಲಿ ಆಂಪ್ಲಿಫೈಯರ್ ಪಕ್ಕ ಮಾದೇವ. ಕೂಟದ ಅಧ್ಯಕ್ಷರು ಬಟ್ಟೆ ಅಂಗಡಿ ಕರಿಬಸವಯ್ಯ. ಅವರು ಎದ್ದು ಗಂಟಲು ಸರಿಮಾಡಿಕೊಂಡು ಸಾಧಕರ ಪರಿಚಯ ಶುರು ಮಾಡಿದರು. ಈ ಮಹನೀಯರನ್ನು ತಾವು ಮುಖತಃ ಕಂಡಿರಲಿಲ್ಲವಂತೆ. ಆದರೆ ತಮ್ಮ ಮಗಳ ಮದುವೆಯಲ್ಲಿ ಉಂಡದ್ದು ಇವರ ಹಂಡೆಯ ಅನ್ನ, ಅಣ್ಣನ ತಿಥಿಯಲ್ಲಿ ಕೂತದ್ದು ಇವರ ಕುರ್ಚಿ. ಎರಡು ತಾಲ್ಲೂಕಿನಲ್ಲಿ ಯಾರ ಮನೆಯ ಶುಭ ಅಶುಭಕ್ಕೆ ಹೋದರೂ ಕಾಣುವುದು ಇವರದೇ ಹೆಸರು. ಇಷ್ಟು ದೊಡ್ಡ ಶಾಮಿಯಾನ ಕಟ್ಟಿ ಬೆಳೆಸಿದ ಶಿವಮೂರ್ತಿಯವರು ಈಗ ಗುಟ್ಟು ಬಿಚ್ಚಿಡುತ್ತಾರೆ ಎಂದು ಹೇಳಿ ಕೂತರು.

ತನ್ನ ಏಳು ಮೆಟ್ಟಿಲಿನ ಖ್ಯಾತಿ ಇಲ್ಲಿವರೆಗೆ ಬಂದಿದೆ ಎಂದು ಶಿವಮೂರ್ತಿ ವಾರದಿಂದ ಬೀಗಿದ್ದ. ಕರೆಸಿದ್ದು ನೋಡಿದರೆ ಕುರ್ಚಿ. ಬಿಂದುಶ್ರೀ ಸೆರಗು ಬಾಯಿಗೆ ಒತ್ತಿಕೊಂಡಳು. ಮಾವ ಕೈಕಟ್ಟಿ, ಇವನೇನು ಮಾಡುತ್ತಾನೋ ನೋಡೇಬಿಡೋಣ ಎನ್ನುವಂತೆ ಕೂತರು. ಸುಮ್ಮನಿದ್ದುಬಿಟ್ಟರೆ ಚಪ್ಪಾಳೆ ಗ್ಯಾರಂಟಿ, ಮಂಡಿಯ ಕಾಟ ಜನ್ಮಕ್ಕೆ ತಪ್ಪುತ್ತದೆ. ಮೊದಲ ಮೆಟ್ಟಿಲು ಎಂದು ಬಾಯಿ ತೆರೆದ. ಅಷ್ಟರಲ್ಲಿ ಮೈಕ್ ಕುಂಯ್ ಎಂದಿತು. ಮಾದೇವ ಓಡಿ ಬಂದು ವೈರು ಅಲುಗಿಸಿ, ಸರಿಹೋಯಿತು ಮಾತಾಡು ಎಂದು ಕೈಸನ್ನೆ ಮಾಡಿ, ಮತ್ತೆ ಮೂಲೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತ. ಶಿವಮೂರ್ತಿಗೆ ನಾಚಿಕೆಯಾಯಿತು. ಹಿಂದೆ ಮೂರು ಬಾಗಿಲು ಹಾಕಿದಾಗಲೂ ಆಗದಷ್ಟು ನಾಚಿಕೆ.

ಅವನು ಟೈ ಸಡಿಲಿಸಿ ನಿಜ ಹೇಳಿಬಿಟ್ಟ. ಈ ಶಾಮಿಯಾನ ನನ್ನದಲ್ಲ, ಅಗೋ ಅಲ್ಲಿ ಮೂಲೆಯಲ್ಲಿ ಕೂತಿದ್ದಾನಲ್ಲ, ಆ ಮಾದೇವನದು, ನನ್ನದು ಬರೀ ಹೆಸರು ಎಂದ. ಸಭೆ ಕತ್ತು ಹೊರಳಿಸಿ ಮೂಲೆಯತ್ತ ನೋಡಿತು. ಆಮೇಲೆ ಕರಿಬಸವಯ್ಯ ‘ಎಂಥಾ ವಿನಯ’ ಎಂದು ಚಪ್ಪಾಳೆ ತಟ್ಟಿದರು, ಸಭೆಯೂ ತಟ್ಟಿತು. ಇವನು ಗಾಬರಿಯಾಗಿ, ಅಲ್ಲ ಸ್ವಾಮಿ, ನಾನು ಪಾಠ ಹೇಳಿದ ಮಕ್ಕಳು ಮತ್ತೆ ಫೇಲಾದರು ಎಂದ. ಜನ ನಕ್ಕರು. ಸಾರು ಸೀದದ್ದನ್ನು ಹೇಳಿದ, ಹೊಟ್ಟೆ ಹಿಡಿದುಕೊಂಡು ನಕ್ಕರು. ತಾನು ಹಾಡಿದಾಗ ಮದುವೆ ಮನೆಯವರು ಕರೆಂಟು ತೆಗೆಸಿದ್ದನ್ನು ಹೇಳಿದಾಗ ಮಂಡಿಯ ಹಿರಿಯರೊಬ್ಬರು ಕುರ್ಚಿಯಿಂದ ಜಾರಿದರು. ನಿಜ ಹೇಳಿದಷ್ಟೂ ಅವನು ದೊಡ್ಡ ಮನುಷ್ಯನಾಗುತ್ತಾ ಹೋದ. ಇಷ್ಟು ಗೆದ್ದವನು ತನ್ನನ್ನು ಹೀಗೆ ಆಡಿಕೊಳ್ಳುವುದೆಂದರೇನು ಸಾಮಾನ್ಯವೇ ಎಂದು ಎಲ್ಲರೂ ತಲೆದೂಗಿದರು. ಕೊನೆಗೆ ದಾರಿ ಕಾಣದೆ ಅವನು ಮಾದೇವನನ್ನೇ ವೇದಿಕೆಗೆ ಎಳೆದು ತಂದು, ಇದೆಲ್ಲ ಯಾರದು, ಸಭೆಗೆ ಹೇಳು ಎಂದು ಅಂಗಲಾಚಿದ. ಮಾದೇವ ಸಭೆಯನ್ನೊಮ್ಮೆ, ಗೆಳೆಯನ ಬೆವರಿದ ಮುಖವನ್ನೊಮ್ಮೆ ನೋಡಿದ.

“ಎಸ್ರು ಬರ್ದಿಲ್ವಾ ಸಾರ್, ನೋಡ್ಕಳಿ,” ಎಂದು ಹೇಳಿ ಇಳಿದು ಹೋದ.

ಆಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. ಕರಿಬಸವಯ್ಯ ಅವನ ತಲೆಗೆ ಪೇಟ ತೊಡಿಸಿ, ಹೆಗಲಿಗೆ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು ಕೂರಿಸಿದರು.

ಸಭೆ ಚದುರಿದ ಮೇಲೆ ಮಾವ ಬಂದು, ಚಪ್ಪಾಳೆ ಬಿತ್ತು, ನಾನು ಮಾತಿಗೆ ತಪ್ಪುವವನಲ್ಲ, ಇನ್ನು ಮಂಡಿಯ ಸುದ್ದಿ ಎತ್ತುವುದಿಲ್ಲ ಎಂದು ಹೇಳಿ, ಬುಟ್ಟಿಯಿಂದ ಒಂದು ಮೂಸಂಬಿ ತೆಗೆದುಕೊಂಡು ನಡೆದರು. ಶಿವಮೂರ್ತಿ ಗೆದ್ದಿದ್ದ. ಆದರೆ ಗೆದ್ದ ಖುಷಿ ಎಳ್ಳಷ್ಟೂ ಇರಲಿಲ್ಲ. ಇನ್ನು ಯಾವ ಮುಖ ಹೊತ್ತು ಏಳು ಮೆಟ್ಟಿಲು ಹೇಳುವುದು? ಮಾದೇವ ಕುರ್ಚಿಯ ಮೇಲೆ ಕುರ್ಚಿ ಪೇರಿಸುತ್ತಿದ್ದ. ಶಿವಮೂರ್ತಿ ಪೇಟ ತೆಗೆದು ಅವನ ತಲೆಗಿಟ್ಟ. ಬಗ್ಗಿದರೆ ಬೀಳುತ್ತದೆ ಎಂದು ಮಾದೇವ ಅದನ್ನು ತೆಗೆದು ಸ್ಪೀಕರಿನ ಮೇಲಿಟ್ಟ. ಶಿವಮೂರ್ತಿ ತಾನೂ ಒಂದೆರಡು ಕುರ್ಚಿ ಎತ್ತಿ ಪೇರಿಸುತ್ತಾ, ನಿನ್ನ ಜೊತೆಗೇ ಸೇರಿಸಿಕೋ ಮಾರಾಯ, ಪಾತ್ರೆ ತೊಳೆಯಲೂ ಸಿದ್ಧ ಎಂದ. ಮಾದೇವ ಹಗ್ಗ ಕೆಳಗಿಟ್ಟು, ಪ್ರೀತಿಯಿಂದಲೇ ಅವನ ಹೆಗಲ ಮೇಲೆ ಕೈ ಹಾಕಿದ.

“ಬ್ಯಾಡ ಕಣ್ಲಾ. ನೀ ಒಳಕ್ ಬಂದ್ರೆ ಇದೂ ಮುಚ್ಕತದೆ. ನಂಗ್ ಗೊತ್ತಿರದು ನೀ ಬುಟ್ಟುದ್ದ ಇಡ್ಕಳದು ಒಂದೇಯ. ನೀ ಓಗಿ ಇನ್ನೇನಾರ ಸುರು ಮಾಡು. ನಂಗೂ ಒಂದ್ ಜನ್ರೇಟ್ರು ಬೇಕಾಗದೆ.”

ಗುಟ್ಟು ಕೊನೆಗೂ ಸಿಕ್ಕಿತ್ತು. ಬರೆದುಕೊಳ್ಳಲು ಶಿವಮೂರ್ತಿ ಪೆನ್ನು ತೆಗೆಯಲಿಲ್ಲ. ಮನೆಗೆ ಬಂದು ಬಿಂದುಶ್ರೀಯ ಎದುರು ಕೂತು ಅತ್ತ. ಅವಳು ಮೂಸಂಬಿ ಸುಲಿದು ಕೈಗಿಟ್ಟು, ಇವತ್ತು ನೀವು ಮಾತಾಡಿದ್ದು ಚೆನ್ನಾಗಿತ್ತು ಕಣ್ರೀ ಎಂದಳು. ಮದುವೆಯಾದ ಮೇಲೆ ಅವಳು ಹಾಗೆ ಹೇಳಿದ್ದು ಅದೇ ಮೊದಲು.

ಸೋಮವಾರ ಯಾರೂ ಕರೆಯದೆ ಅವನೇ ಮಂಡಿಗೆ ಹೋಗಿ ತಕ್ಕಡಿ ಮುಂದೆ ಕೂತ. ಸೀನುತ್ತಾ ಸೀನುತ್ತಾ ಮೂಟೆ ತೂಗಿಸಿದ. ಮಾವನ ಕಣ್ಣು ಒದ್ದೆಯಾಯಿತು, ಅರಿಶಿನದ ದೂಳು ಎಂದು ಒರೆಸಿಕೊಂಡು ಅವರು ಊಟಕ್ಕೆ ಹೋದರು. ಊಟ ಮುಗಿಸಿ ಬಂದು ನೋಡಿದರೆ ತಕ್ಕಡಿಯ ಪಕ್ಕ ಗುಂಡ್ಲುಪೇಟೆಯ ಪುಟ್ಟಮಾದು, ಅವನ ಪಕ್ಕ ಕೆಂಪು ಬಣ್ಣದ ಡಬ್ಬಿ. ತಕ್ಕಡಿಯ ಬೆನ್ನಿನ ಮೇಲೆ ‘ಶಿವಮೂರ್ತಿ’ ಆಗಲೇ ಒಣಗುತ್ತಿತ್ತು, ಊರಿನ ಹೆಸರು ಮಾತ್ರ ಬಾಕಿ. ಮಾವ ಸೀದಾ ಒಳಗೆ ಹೋಗಿ ಮಾದೇವನ ಮೊಬೈಲಿಗೆ ಫೋನ್ ಹಚ್ಚಿ, ಮಂಡಿಯ ತಕ್ಕಡಿ ಮಾರುವುದಿಲ್ಲ, ಆಟೋ ತಂದು ಬಾಗಿಲಲ್ಲಿ ನಿಲ್ಲಿಸಬೇಡ ಎಂದರು. ಆ ಕಡೆಯಿಂದ ಮೊದಲು ಆಟೋ ಸದ್ದು ಕೇಳಿಸಿತು, ಆಮೇಲೆ ಮಾದೇವನ ದನಿ.

“ಅಯ್ಯೋ, ಬೆಳಿಗ್ಗೆ ಪುಟ್ಮಾದು ಡಬ್ಬಿ ಇಡ್ಕಂಡು ಬಸ್ ಅತ್ತುದ್ನ ನೋಡ್ದಿ ಸಾಮಿ. ಆಗ್ಲೇ ನಿಮ್ಮೂರ್ ದಾರೀಲಿ ತೆರಕಣಾಂಬಿ ದಾಟ್ಬುಟ್ಟಿವ್ನಿ.”