ತಡವಾಗಿ ಬಂದ ಕೂಗು

'ಚಾಚು!' ಎಂಬ ಕೂಗು ಕಿವಿಗೆ ಬೀಳುವುದಕ್ಕೂ ವಸಿಲಿನಾಳ ಬೆನ್ನು ಹಿಮಕ್ಕೆ ಬಡಿಯುವುದಕ್ಕೂ ಸರಿಹೋಯಿತು. ಇಳಿಜಾರಿನುದ್ದಕ್ಕೂ ಉರುಳಿ, ಮೇಲಿನಿಂದ ನೆಲ ಗುರುತು ಸಿಗಲೆಂದು ಹರಡಿದ್ದ ಫರ್ ಮರದ ಚಿಗುರುಗಳನ್ನೆಲ್ಲ ಬಾಚಿಕೊಂಡು, ಬೇಲಿಯ ಹತ್ತಿರ ಹೋಗಿ ಬಿದ್ದಳು. ಉಸಿರು ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು.

"ಏಳೇ ಮಹಾರಾಣಿ, ಹಾಸಿಗೆ ಮೆತ್ತಗಿದೆಯಾ?" ಕಳಚಿಹೋಗಿದ್ದ ಒಂದು ಸ್ಕೀಯನ್ನು ಹೊತ್ತು ತಂದ ಒಸ್ತಾಪ್ ಕೇಳಿದ. ಹಿಂದೆ ಅವಳ ಜೊತೆಗೇ ಸ್ಕೀ ಕಟ್ಟಿ ಗಾಳಿಯಲ್ಲಿ ಲಾಗ ಹೊಡೆಯುತ್ತಿದ್ದವನು, ಈಗ ತಂಡದ ಸಹಾಯಕ ತರಬೇತುದಾರ. ಅವಳು ಕತ್ತನ್ನು ಅತ್ತಿತ್ತ ತಿರುಗಿಸಿದ್ದನ್ನು ನೋಡಿದ ಮೇಲೆ ದನಿ ತಗ್ಗಿಸಿದ. "ಪಾವ್ಲೊವಿಚ್ ಕೂಗಿದ್ದು ಲೇಟಾಯ್ತು. ನಿಂಗೂ ಗೊತ್ತಾಯ್ತು ತಾನೆ?"

"ನಾನೇ ಬೇಗ ಮೈ ಮಡಚಿಕೊಂಡೆ."

"ಸುಳ್ಳು ಹೇಳ್ಬೇಡ. ನಿನ್ನೇನೂ ಹೀಗೇ ಆಯ್ತು. ಸ್ಪರ್ಧೇಲಿ ಕೂಗೋಕೆ ನಾನು ನಿಲ್ತೀನಿ ವಸಿಲಿನಾ, ಬಾಯಿಬಿಟ್ಟು ಒಂದು ಮಾತು ಕೇಳು ಸಾಕು."

ಅವಳು ಸ್ಕೀ ಕಿತ್ತುಕೊಂಡು ಮುಂದೆ ನಡೆದಳು.

ಹಡಗು ಕಟ್ಟುವ ಮಿಕೊಲಾಯಿವ್ ಅವಳ ಊರು. ಅಲ್ಲಿ ಗುಡ್ಡವೆಂಬುದೇ ಇಲ್ಲ. ಜಿಮ್ನಾಸ್ಟಿಕ್ಸ್ ಶಾಲೆಗೆ ಬಂದು, ಸಾಲಿನಲ್ಲಿ ಎಲ್ಲರಿಗಿಂತ ಕುಳ್ಳಗೆ, ಎಲ್ಲರಿಗಿಂತ ಹಟಮಾರಿಯಾಗಿದ್ದ ಹುಡುಗಿಯನ್ನು ಆರಿಸಿಕೊಂಡು ಹೋದವರು ತರಬೇತುದಾರ ಪಾವ್ಲೊವಿಚ್. ಬೇಸಿಗೆಯಲ್ಲಿ ಇಳಿಜಾರು ಹಲಗೆಯಿಂದ ಕೊಳಕ್ಕೆ ಹಾರಿಸಿದರು, ಚಳಿಗಾಲದಲ್ಲಿ ಕಾರ್ಪಾಥಿಯನ್ ಬೆಟ್ಟಗಳಿಗೆ ಕರೆತಂದರು. ಗಾಳಿಯಲ್ಲಿ ಲಾಗ ಹೊಡೆಯುವವಳಿಗೆ ಆಕಾಶ ಯಾವುದು, ನೆಲ ಯಾವುದು ತಿಳಿಯುವುದಿಲ್ಲ. ಕೆಳಗಿನಿಂದ ಅವರು 'ಎಳಿ' ಎಂದರೆ ಮೈ ಬಿಗಿದು ಜೋರಾಗಿ ಸುತ್ತಬೇಕು, 'ತಡಿ' ಎಂದರೆ ಕಾಯಬೇಕು, 'ಚಾಚು' ಎಂದರೆ ಕಾಲು ನೆಲಕ್ಕೆ. ಆ ಒರಟು ಗಂಟಲಿಗೆ ಅವಳು ತನ್ನ ಮೈಯನ್ನು ಒಪ್ಪಿಸಿ ಅರ್ಧ ಆಯುಸ್ಸೇ ಕಳೆದಿತ್ತು. ಎರಡು ಸಲ ಮಂಡಿ ಕುಯ್ಯಿಸಿಕೊಂಡಾಗಲೂ ಕಣ್ಣು ಬಿಟ್ಟರೆ ಎದುರಿಗೆ ಅವರೇ, ಕುರ್ಚಿಯಲ್ಲಿ ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದರು. ವಿಶ್ವಕಪ್ಪಿನಲ್ಲಿ ಪದಕ ಬಂದಿತ್ತು. ಹಿಂದಿನ ಒಲಿಂಪಿಕ್ಸಿನಲ್ಲಿ ಬಿದ್ದಿದ್ದಳು. ಇನ್ನೊಂದು ಅವಕಾಶಕ್ಕೆ ಮಂಡಿ ಒಪ್ಪಿದರೆ ಅದೇ ಹೆಚ್ಚು. ಈ ಸಲದ ಒಲಿಂಪಿಕ್ಸ್ ತಂಡದಲ್ಲಿ ಇರುವುದು ಒಂದೇ ಜಾಗ, ಇವತ್ತಿನ ಸ್ಪರ್ಧೆಯಲ್ಲಿ ಗೆದ್ದವಳಿಗೆ.

ಕೂಗಲು ಒಸ್ತಾಪ್‌ನನ್ನು ನಿಲ್ಲಿಸಿ ಎಂದರೆ ಬೇಲಿಯಾಚೆ ಕೂತ ಸ್ಕೀ ಒಕ್ಕೂಟದವರು ಯಾಕೆ ಎನ್ನುತ್ತಾರೆ. ಸಂಜೆಯೊಳಗೆ ಮುದುಕನನ್ನು ಮನೆಗೆ ಕಳಿಸುತ್ತಾರೆ. ಬೆಳಗ್ಗೆ ಪಾವ್ಲೊವಿಚ್ ಗಿಣ್ಣಿನ ದೋಸೆಯ ಮೇಲೆ ಹಾಕಬೇಕಿದ್ದ ಹುಳಿಕೆನೆಯನ್ನು ಮೇಜಿನ ಮೇಲೆ ಸುರಿದು, "ಈ ಹೋಟೆಲಿನವರ ತಟ್ಟೆಗಳೂ ಜಿಪುಣ" ಎಂದು ಬೈದಿದ್ದರು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು.

ಲಿಫ್ಟಿನ ಕಡೆ ಹೊರಟವಳು ತಿರುಗಿ, ಇಳಿಜಾರಿನ ಅಂಚಿನಲ್ಲಿ ಅವರು ನಿಂತಿದ್ದಲ್ಲಿಗೆ ಹತ್ತಿದಳು.

"ಲಿಫ್ಟ್ ಆ ಕಡೆ ಇದೆ ಕಣೇ. ಇಲ್ಲೇನು ಕೆಲಸ?" ಹೆಜ್ಜೆಯ ಸದ್ದಿನಲ್ಲೇ ಅವರು ಗುರುತು ಹಿಡಿದಿದ್ದರು.

ಅವಳು ಕೈ ಎತ್ತಿದಳು. "ಪಾವ್ಲೊವಿಚ್, ಇಲ್ಲಿ ಎಷ್ಟು ಬೆರಳಿದೆ?"

"ತಲೆಗೇನಾದ್ರೂ ಪೆಟ್ಟು ಬಿತ್ತಾ?"

"ಹೇಳಿ."

ಅವರು ಮುಖ ಓರೆ ಮಾಡಿ ದಿಟ್ಟಿಸಿದರು. "ಮೂರು."

ಅವಳು ಹಾಕಿಕೊಂಡಿದ್ದು ಬೆರಳುಗಳನ್ನೆಲ್ಲ ಒಟ್ಟಿಗೆ ಮುಚ್ಚುವ ಚೀಲದಂಥ ಕೈಗವಸು. ಅವಳು ಕೈ ಇಳಿಸಲಿಲ್ಲ. ಅವರೇ ಕೈ ಚಾಚಿ, ತಡಕಿ, ಗವಸನ್ನು ಮುಟ್ಟಿ ನೋಡಿದರು. ಮುಟ್ಟಿದ ಕೈ ಅಲ್ಲೇ ನಿಂತುಬಿಟ್ಟಿತು.

"ಆಕಾಶ ನೀಲಿ ಇದ್ರೆ ಕಾಣ್ತೀಯ, ಕಾಗೆ ಥರ ಕರ್ರಗೆ," ಎಂದರು ಕೊನೆಗೆ. "ಇವತ್ತು ಮೋಡ. ಎಲ್ಲ ಹಾಲು ಚೆಲ್ಲಿದ ಹಾಗಿದೆ."

"ಯಾವಾಗಿಂದ?"

"ಬೇಸಿಗೆಯಿಂದ. ಒಲಿಂಪಿಕ್ಸ್ ಒಂದು ಮುಗೀಲಿ ಅಂತಿದ್ದೆ. ನಿಂದೂ ಕೊನೇದು, ನಂದೂ ಕೊನೇದು."

"ನನ್ನ ಕತ್ತು ಪಾವ್ಲೊವಿಚ್!" ದನಿ ಏರಿತು. ಬೇಲಿಯ ಹತ್ತಿರ ಒಬ್ಬರು ತಿರುಗಿ ನೋಡಿದರು. "ಕತ್ತು ಮುರಿದಿದ್ರೆ ನಮ್ಮಮ್ಮನಿಗೆ ಏನು ಹೇಳ್ತಿದ್ರಿ?"

ಅವರ ಮೀಸೆಯ ಮೇಲೆ ಉಸಿರು ಹೆಪ್ಪುಗಟ್ಟಿತ್ತು. ಧ್ವನಿವರ್ಧಕದಲ್ಲಿ ಸ್ಪರ್ಧಿಗಳನ್ನು ಮೇಲಕ್ಕೆ ಕರೆದರು.

"ನಾನು ಯಾರಿಗೂ ಹೇಳಲ್ಲ," ಎಂದಳು. "ಆದ್ರೆ ನಿಮ್ಮ ಕೂಗಿಗೆ ಹಾರಲ್ಲ."

ಅವಳು ನಾಲ್ಕು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಬೆಟ್ಟವೇ ಅದುರುವಂತೆ ಕೂಗು ಬಂತು. "ಒಸ್ತಾಪ್! ಬಾರೋ ಇಲ್ಲಿ! ನನ್ನ ಗಂಟಲು ಕಟ್ಟಿದೆ, ಇವತ್ತು ನೀನೇ ಕೂಗು!"

"ಗಂಟಲು ಕಟ್ಟಿದವನ ಅಬ್ಬರ ನೋಡ್ರಪ್ಪ!" ಎಂದರು ಬೇಲಿಯ ಹತ್ತಿರ ಯಾರೋ. ಎಲ್ಲರೂ ನಕ್ಕರು.

ಮೇಲೆ ನಿಂತು ಅವಳು ಸ್ಕೀ ಬಿಗಿದುಕೊಂಡಳು. ಬೇರೊಬ್ಬರ ದನಿಗೆ ಅವಳು ಎಂದೂ ಹಾರಿರಲಿಲ್ಲ. ಕೆಳಗೆ ಇಬ್ಬರು ಪಕ್ಕಪಕ್ಕದಲ್ಲಿ ನಿಂತಿದ್ದರು, ಒಬ್ಬ ಎತ್ತರ, ಒಬ್ಬರು ಗಿಡ್ಡ. ಸರದಿ ಬಂತು. ಜಾರಿದಳು. ಹಿಮದ ದಿಬ್ಬ ಅವಳನ್ನು ಎತ್ತಿ ಎಸೆಯಿತು. ಒಂದು ಲಾಗ. ಸುತ್ತ ಬರೀ ಬಿಳಿ. ಕಿವಿ ಆ ಒರಟು ಗಂಟಲಿಗಾಗಿಯೇ ಕಾಯುತ್ತಿತ್ತು.

"ತಡಿ!" ಯಾರದೋ ತೆಳು ದನಿ. ಮೈ ಒಪ್ಪಲಿಲ್ಲ. "ತಡೀ... ಚಾಚು!"

ಹಲ್ಲು ಕಚ್ಚಿ ಚಾಚಿದಳು. ಕಾಲಿಗೆ ಹಿಮ ಸಿಕ್ಕಿತು. ಎಡ ಮಂಡಿ ಕಿರುಚಿತು, ಆದರೆ ಬಗ್ಗಲಿಲ್ಲ. ಇಳಿಜಾರು ಮುಗಿಯುವವರೆಗೂ ಅವಳು ನಿಂತೇ ಬಂದಳು.

ಫಲಕದಲ್ಲಿ ಅವಳ ಹೆಸರು ಎಲ್ಲರನ್ನೂ ದಾಟಿ ಮೇಲೇರಿ ನಿಂತಿತು. ಕೊನೆಯವಳಾಗಿ ಹಾರಿದ್ದು ಅವಳೇ. ತಂಡದ ಹುಡುಗಿಯರು ಕಿರುಚುತ್ತ ಓಡಿಬಂದರು. ಅವಳು ಅವರ ಹೆಗಲುಗಳ ನಡುವಿನಿಂದ ಮೇಲೆ ನೋಡಿದಳು. ಒಸ್ತಾಪ್ ಪಾವ್ಲೊವಿಚ್‌ರ ಕಿವಿಗೆ ಬಾಗಿ ಏನೋ ಹೇಳುತ್ತಿದ್ದ. ಅವರು ತಲೆಯಾಡಿಸಿದರು. ಆಮೇಲೆ ಟೊಪ್ಪಿಗೆ ತೆಗೆದು ಬೀಸಿದರು. ಅವಳಿದ್ದ ಕಡೆಗಲ್ಲ, ಎಷ್ಟೋ ಬಲಕ್ಕೆ, ಯಾರೂ ಇಲ್ಲದ ಬೇಲಿಯ ಮೂಲೆಗೆ.

ವಸಿಲಿನಾ ಹುಡುಗಿಯರ ಕೈ ಬಿಡಿಸಿಕೊಂಡು, ಸ್ಕೀಗಳನ್ನು ಮೆಲ್ಲಗೆ ಜಾರಿಸುತ್ತ ಆ ಮೂಲೆಗೆ ಹೋಗಿ ನಿಂತು, ಎರಡೂ ಕೈ ಮೇಲೆತ್ತಿದಳು.